ಕೌಂಟರ್ ಮುಂದೆಯೇ ಕೂತಿದ್ದೆವು, ದಾಖಲೆಯಲ್ಲಿ 'ಬಂದೇ ಇಲ್ಲ' ಅಂತ ಬರೆದರು

ಕಳೆದ ವರ್ಷ ಅಮ್ಮನನ್ನು ಕರೆದುಕೊಂಡು ಅಕ್ಕನ ಊರಿಗೆ ಹೊರಟಿದ್ದೆ. ಮಾರನೇ ದಿನ ಬೆಳಿಗ್ಗೆ 8 ಗಂಟೆಗೆ ಅಕ್ಕನಿಗೆ ಆಪರೇಷನ್. ಥಿಯೇಟರಿಗೆ ಕರೆದುಕೊಂಡು ಹೋಗುವ ಮುಂಚೆ ಮಗಳ ಮುಖ ಒಂದು ಸಲ ನೋಡಬೇಕು ಅನ್ನೋದು ಅಮ್ಮನ ಆಸೆ. ಅದಕ್ಕೇ ಹಿಂದಿನ ಸಂಜೆ 7.40ರ ವಿಮಾನಕ್ಕೆ ಮೂರು ವಾರ ಮುಂಚೆಯೇ ಟಿಕೆಟ್ ಮಾಡಿಸಿದ್ದೆ. ಕನ್ಫರ್ಮ್ ಆದ ಟಿಕೆಟ್. 5.15ಕ್ಕೆಲ್ಲ ಚೆಕ್-ಇನ್ ಕೌಂಟರ್ ಮುಂದೆ ಇದ್ದೆವು. ಆದರೂ ನಮ್ಮನ್ನು ಹತ್ತಿಸಲಿಲ್ಲ.

ಹೊಟ್ಟೆ ಉರಿಸಿದ ಸಂಗತಿ ಆಮೇಲೆ ಗೊತ್ತಾಯಿತು. ವಿಮಾನ ಕಂಪನಿಯ ದಾಖಲೆಯಲ್ಲಿ ನಮ್ಮಿಬ್ಬರ ಹೆಸರಿನ ಮುಂದೆ 'ನೋ ಶೋ' ಅಂತ ಹಾಕಿದ್ದರು. ಅಂದರೆ ಪ್ರಯಾಣಿಕರು ಬರಲೇ ಇಲ್ಲ, ತಪ್ಪು ಅವರದ್ದೇ, ದುಡ್ಡು ವಾಪಸ್ ಕೊಡಬೇಕಾಗಿಲ್ಲ. ನಾನು ಇದನ್ನು ಬರೆಯುತ್ತಿರುವುದೇ ಈ ಎರಡು ಪದಗಳ ಬಗ್ಗೆ ನಿಮ್ಮನ್ನು ಎಚ್ಚರಿಸೋಕೆ.

ಹಿಂದಿನ ದಿನವೇ ಒಂದು ಸುಳಿವು ಸಿಕ್ಕಿತ್ತು, ನನಗೆ ಅರ್ಥವಾಗಲಿಲ್ಲ. ವೆಬ್ ಚೆಕ್-ಇನ್ ಮಾಡಲು ಹೋದರೆ 'ದಯವಿಟ್ಟು ನಿಲ್ದಾಣದ ಕೌಂಟರಿಗೆ ಬನ್ನಿ' ಅಂತ ಬಂತು. ಸರ್ವರ್ ತೊಂದರೆ ಇರಬೇಕು ಅಂತ ಸುಮ್ಮನಾದೆ. ಕೆಲವರು ಹೇಗೂ ಬರುವುದಿಲ್ಲ ಅನ್ನೋ ಲೆಕ್ಕದಲ್ಲಿ ಕಂಪನಿಗಳು ಇರೋ ಸೀಟಿಗಿಂತ ಜಾಸ್ತಿ ಟಿಕೆಟ್ ಮಾರುತ್ತವೆ. ಇದೇ ಓವರ್‌ಬುಕಿಂಗ್. ಎಲ್ಲರೂ ಬಂದುಬಿಟ್ಟರೆ ಕೊನೆಗೆ ಸೀಟು ಸಿಗದೇ ಉಳಿಯೋದು, ಮೊದಲೇ ಸೀಟ್ ನಂಬರ್ ಸಿಗದೇ ಇದ್ದವರು. ಹಾಗಾಗಿ ವೆಬ್ ಚೆಕ್-ಇನ್ ಆಗದಿದ್ದರೆ, ಬೋರ್ಡಿಂಗ್ ಪಾಸಿನಲ್ಲಿ ಸೀಟ್ ನಂಬರ್ ಜಾಗ ಖಾಲಿ ಇದ್ದರೆ, ಆಗಲೇ ಎಚ್ಚೆತ್ತುಕೊಳ್ಳಿ.

ಕೌಂಟರಿನಲ್ಲಿದ್ದ ಹುಡುಗಿ ನಮ್ಮ ಗುರುತಿನ ಚೀಟಿ ನೋಡಿ, ಕಂಪ್ಯೂಟರ್ ನೋಡಿ, 'ಸರ್, ಸ್ವಲ್ಪ ಪಕ್ಕದಲ್ಲಿ ಕೂತಿರಿ, ಕರೀತೀವಿ' ಅಂದಳು. ಕೂತೆವು. ಅಮ್ಮನಿಗೆ 71 ವರ್ಷ, ಮಂಡಿನೋವು. ನಮ್ಮ ಹಿಂದೆ ಬಂದವರೆಲ್ಲ ಬೋರ್ಡಿಂಗ್ ಪಾಸ್ ಹಿಡಿದುಕೊಂಡು ಒಳಗೆ ಹೋದರು. ಮೂರು ಸಲ ಎದ್ದು ಹೋಗಿ ಕೇಳಿದೆ. ಮೂರು ಸಲವೂ 'ಐದು ನಿಮಿಷ ಸರ್'. 6.45ರ ಹೊತ್ತಿಗೆ ಮೇಲಿನವರೊಬ್ಬರು ಬಂದು, 'ಫ್ಲೈಟ್ ಫುಲ್ ಆಗಿದೆ. ಒಂದು ಸೀಟಿದೆ, ಇಬ್ಬರಲ್ಲಿ ಯಾರಾದರೂ ಒಬ್ಬರು ಹೋಗಿ' ಅಂದರು. ಅಮ್ಮನನ್ನು ಅಲ್ಲಿ ಒಬ್ಬರೇ ಬಿಟ್ಟು ನಾನು ಹೇಗೆ ಹೋಗಲಿ? ಅವರನ್ನು ಒಬ್ಬರೇ ಹೇಗೆ ಕಳಿಸಲಿ?

ಆಗ ಆತ ಒಂದು ಹಾಳೆ ಮುಂದಿಟ್ಟರು. 'ನಾಳೆ ಬೆಳಿಗ್ಗೆ 10.20ರ ಫ್ಲೈಟಿಗೆ ಹಾಕ್ತೀವಿ, ಇಲ್ಲಿ ಸೈನ್ ಮಾಡಿ.' ಸೈನ್ ಮಾಡೋ ಜಾಗ ತೋರಿಸುತ್ತಾ ಅಂಗೈಯನ್ನು ಹಾಳೆಯ ಮೇಲ್ಭಾಗದ ಮೇಲೆ ಇಟ್ಟಿದ್ದರು. ಕೈ ತೆಗೆಯಿರಿ, ಓದಬೇಕು ಅಂದೆ. ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ, 'ನಾನು ಸ್ವಂತ ಇಚ್ಛೆಯಿಂದ ಬೇರೆ ವಿಮಾನಕ್ಕೆ ಬದಲಾಯಿಸಿಕೊಳ್ಳುತ್ತಿದ್ದೇನೆ, ಯಾವ ಪರಿಹಾರವನ್ನೂ ಕೇಳುವುದಿಲ್ಲ' ಅಂತ ಇತ್ತು. ಸೈನ್ ಮಾಡಲಿಲ್ಲ. ಆ ಗಡಿಬಿಡಿಯಲ್ಲಿ, ವಯಸ್ಸಾದವರು ಪಕ್ಕದಲ್ಲಿರುವಾಗ, ಎಷ್ಟು ಜನ ಓದದೇ ಸೈನ್ ಮಾಡಿರಬಹುದು ಅಂತ ಈಗಲೂ ಯೋಚನೆ ಬರುತ್ತದೆ.

ಸೀಟಿಲ್ಲ ಅಂತ ಬರೆದುಕೊಡಿ ಅಂದೆ. 'ಹಾಗೆಲ್ಲ ಕೊಡೋಕಾಗಲ್ಲ' ಅಂದರು. ಕೊನೆಗೆ ಬೇರೆ ಕಂಪನಿಯ ಬೆಳಗಿನ 6 ಗಂಟೆಯ ವಿಮಾನಕ್ಕೆ ಎರಡು ಪಟ್ಟು ದುಡ್ಡು ಕೊಟ್ಟು ಟಿಕೆಟ್ ತೆಗೆದೆ. ರಾತ್ರಿಯೆಲ್ಲ ನಿಲ್ದಾಣದ ಕುರ್ಚಿಯಲ್ಲೇ ಕಳೆದೆವು. ಆಸ್ಪತ್ರೆಗೆ ತಲುಪುವಷ್ಟರಲ್ಲಿ 9.30. ಥಿಯೇಟರ್ ಬಾಗಿಲು ಮುಚ್ಚಿತ್ತು. ಅಮ್ಮ ಆ ಬಾಗಿಲಿನ ಮುಂದೆ ಸೆರಗು ಹಿಡಿದುಕೊಂಡು ನಿಂತೇ ಇದ್ದರು, ಕೂರಿ ಅಂದರೂ ಕೂರಲಿಲ್ಲ. ಆಪರೇಷನ್ ಚೆನ್ನಾಗಿ ಆಯಿತು, ಅಕ್ಕ ಈಗ ಆರಾಮಾಗಿದ್ದಾಳೆ. ಆದರೆ ಆ ಹೊತ್ತನ್ನು ಅಮ್ಮನಿಗೆ ಯಾವ ಪರಿಹಾರವೂ ತುಂಬಿಕೊಡುವುದಿಲ್ಲ.

ನಿಯಮ ಏನು ಹೇಳುತ್ತೆ ಅಂತ ಆಮೇಲೆ ಕೂತು ಓದಿದೆ. ಕೌಂಟರಿನಲ್ಲಿ ನಿಂತಾಗಲೇ ಗೊತ್ತಿದ್ದಿದ್ದರೆ ಮಾತಾಡುವ ಧೈರ್ಯವೇ ಬೇರೆ ಇರುತ್ತಿತ್ತು. ನಮ್ಮ ದೇಶದಲ್ಲಿ ವಿಮಾನಯಾನದ ಮೇಲೆ ಕಣ್ಣಿಡುವ ಸಂಸ್ಥೆ ಡಿಜಿಸಿಎ. 2016ರ ಆಗಸ್ಟ್ 1ರಿಂದ ಜಾರಿಗೆ ಬಂದ ಅದರ ನಿಯಮದ ಪ್ರಕಾರ, ಸೀಟು ಕಡಿಮೆ ಬಿದ್ದರೆ ಕಂಪನಿ ಮೊದಲು ತಾವಾಗಿಯೇ ಸೀಟು ಬಿಟ್ಟುಕೊಡುವವರು ಯಾರಾದರೂ ಇದ್ದಾರಾ ಅಂತ ಕೇಳಬೇಕು, ಅಂಥವರಿಗೆ ಏನಾದರೂ ಅನುಕೂಲ ಮಾಡಿಕೊಡಬೇಕು. ನಮ್ಮ ಮುಂದೆ ಯಾರೂ ಹಾಗೆ ಕೇಳಲಿಲ್ಲ. ಯಾರೂ ಬಿಟ್ಟುಕೊಡದೇ, ಕನ್ಫರ್ಮ್ ಟಿಕೆಟ್ ಇದ್ದು ಸಮಯಕ್ಕೆ ಬಂದವರನ್ನು ಬಿಟ್ಟು ಹೋದರೆ ಪರಿಹಾರ ಕೊಡಲೇಬೇಕು. ಮೂಲ ವಿಮಾನ ಹೊರಡಬೇಕಿದ್ದ ಹೊತ್ತಿನಿಂದ ಒಂದು ಗಂಟೆಯೊಳಗೆ ಹೊರಡುವ ಬೇರೆ ವಿಮಾನ ಕೊಟ್ಟರೆ ಮಾತ್ರ ಏನೂ ಇಲ್ಲ. 24 ಗಂಟೆಯೊಳಗಿನ ವಿಮಾನವಾದರೆ ಒಂದು ಕಡೆಯ ಮೂಲ ದರ ಮತ್ತು ಇಂಧನ ಶುಲ್ಕ ಸೇರಿಸಿ ಅದರ 200%, ಹೆಚ್ಚೆಂದರೆ 10,000 ರೂಪಾಯಿ. 24 ಗಂಟೆ ದಾಟಿದರೆ 400%, ಹೆಚ್ಚೆಂದರೆ 20,000. ಅವರು ಕೊಡುವ ಬೇರೆ ವಿಮಾನ ನಮಗೆ ಬೇಡ ಅಂದರೆ ಟಿಕೆಟ್ಟಿನ ಪೂರ್ತಿ ದುಡ್ಡು ವಾಪಸ್, ಅದರ ಮೇಲೆ 20,000 ಮೀರದಂತೆ 400%. ನಮ್ಮದು ಈ ಕೊನೆಯ ಬಗೆ. ಈ ದುಡ್ಡು ಕೊಡದೇ ಇದ್ದಿದ್ದಕ್ಕೆ 2022ರ ಜೂನ್‌ನಲ್ಲಿ ಡಿಜಿಸಿಎ ಒಂದು ದೊಡ್ಡ ಕಂಪನಿಗೆ 10 ಲಕ್ಷ ದಂಡವನ್ನೂ ಹಾಕಿದೆ.

ಆದರೆ 'ನೋ ಶೋ' ಆದವರಿಗೆ ಇದರಲ್ಲಿ ಒಂದು ಪೈಸೆಯೂ ಇಲ್ಲ. ಅದಕ್ಕೇ ಆ ಪದ ಅಲ್ಲಿಗೆ ಬಂತು ಅಂತ ನನಗೆ ಅನಿಸುತ್ತದೆ. ನಾನು ಕಳಿಸಿದ ಇಮೇಲಿಗೆ ಒಂಬತ್ತು ದಿನ ಬಿಟ್ಟು ಉತ್ತರ ಬಂತು: 'ನಮ್ಮ ದಾಖಲೆ ಪ್ರಕಾರ ಪ್ರಯಾಣಿಕರು ಕೌಂಟರ್ ಮುಚ್ಚುವ ಮೊದಲು ಬಂದಿಲ್ಲ.' ಕಂಪನಿಯಲ್ಲಿ ದೂರು ನೋಡಿಕೊಳ್ಳುವ ನೋಡಲ್ ಅಧಿಕಾರಿಗೆ ಬರೆದೆ, ಅದೇ ವಾಕ್ಯ. ವಿಮಾನ ಪ್ರಯಾಣಿಕರ ದೂರಿಗೆ ಅಂತ ಇರುವ ಸರ್ಕಾರದ ಏರ್‌ಸೇವಾ ಜಾಲತಾಣದಲ್ಲಿ ದೂರು ಹಾಕಿದೆ, ಅಲ್ಲೂ ಕಂಪನಿ ಅದನ್ನೇ ಹೇಳಿ ದೂರು ಮುಗಿಸಿತು.

ನಮ್ಮನ್ನು ಕಾಪಾಡಿದ್ದು ಒಂದು ಫೋಟೊ. ಕೌಂಟರ್ ಪಕ್ಕದ ಕುರ್ಚಿಯಲ್ಲಿ ಕೂತ ಅಮ್ಮನ ಫೋಟೊ ತೆಗೆದು, 'ಹೊರಟೆವು' ಅಂತ ಅಕ್ಕನಿಗೆ ವಾಟ್ಸಾಪ್ ಮಾಡಿದ್ದೆ. ಮಡಿಲಲ್ಲಿ ಚೀಲ ಇಟ್ಟುಕೊಂಡು ನಗುತ್ತಿದ್ದಾರೆ. ಅವರ ತಲೆಯ ಮೇಲಿನ ಬೋರ್ಡಿನಲ್ಲಿ ನಮ್ಮ ವಿಮಾನದ ನಂಬರ್, ಪಕ್ಕದಲ್ಲಿ ಗಡಿಯಾರ: 17:32. ಅದೃಷ್ಟ ಅಷ್ಟೇ, ಸಾಕ್ಷಿಗೆ ಅಂತ ತೆಗೆದಿದ್ದಲ್ಲ.

ನೀವು ಅದೃಷ್ಟ ನಂಬಿಕೊಂಡು ಕೂರಬೇಡಿ. 'ಪಕ್ಕದಲ್ಲಿ ಕೂತಿರಿ' ಅಂದ ಕೂಡಲೇ ಕೌಂಟರ್ ಮತ್ತು ಗಡಿಯಾರ ಎರಡೂ ಕಾಣುವಂತೆ ಫೋಟೊ ತೆಗೆಯಿರಿ. ಅಲ್ಲೇ ನಿಂತು ಕಂಪನಿಗೆ ಎರಡು ಸಾಲಿನ ಇಮೇಲ್ ಕಳಿಸಿ: 'ಇಷ್ಟು ಗಂಟೆಗೆ ನಿಮ್ಮ ಕೌಂಟರಿನಲ್ಲಿದ್ದೇನೆ, ಬೋರ್ಡಿಂಗ್ ಪಾಸ್ ಕೊಡುತ್ತಿಲ್ಲ, ಕಾರಣ ಲಿಖಿತವಾಗಿ ತಿಳಿಸಿ.' ಇಮೇಲಿನ ಸಮಯವನ್ನು ಆಮೇಲೆ ಯಾರೂ ತಿದ್ದೋಕಾಗಲ್ಲ. ನಾನು ಮಾಡದೇ ಬಿಟ್ಟು ಜಾಸ್ತಿ ಪಶ್ಚಾತ್ತಾಪ ಪಟ್ಟಿದ್ದು ಇದಕ್ಕೇ. ಟ್ಯಾಕ್ಸಿ ರಸೀದಿ, ಪಾರ್ಕಿಂಗ್ ಚೀಟಿ ಎಸೆಯಬೇಡಿ. ಟ್ಯಾಬ್ಲೆಟ್ ಮೇಲೆ ಬೆರಳಲ್ಲಿ ಸೈನ್ ಮಾಡಿ ಅಂದರೂ ಮೇಲಿಂದ ಓದಿಯೇ ಮಾಡಿ. ಕೌಂಟರಿನಲ್ಲಿರುವ ಹುಡುಗ ಹುಡುಗಿಯರ ಮೇಲೆ ಕೂಗಾಡಬೇಡಿ. ಟಿಕೆಟ್ ಜಾಸ್ತಿ ಮಾರಿದ್ದು ಅವರಲ್ಲ. ಮೇಲಾಗಿ, ನೀವು ಗಲಾಟೆ ಮಾಡಿದ್ದಕ್ಕೇ ಹತ್ತಿಸಲಿಲ್ಲ ಅಂತ ಬರೆದುಕೊಳ್ಳೋಕೆ ಕಂಪನಿಗೆ ನೆಪ ಸಿಗುತ್ತದೆ.

ಗ್ರಾಹಕ ಆಯೋಗ ಅಂದರೆ ಮೊದಲು ನನಗೂ ಹಿಂಜರಿಕೆ ಇತ್ತು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿದಾಗ ದಾರಿ ಹೇಳಿದರು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದ ಮೇಲೆ ನಾವು ವಾಸವಿರುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು, ಕಂಪನಿಯ ಮುಖ್ಯ ಕಚೇರಿ ಇರುವ ಊರಿಗೆ ಅಲೆಯಬೇಕಿಲ್ಲ. ಕೊಟ್ಟ ಟಿಕೆಟ್ ಹಣ 5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ. ವಕೀಲರು ಕಡ್ಡಾಯವಲ್ಲ, ಆನ್‌ಲೈನ್‌ನಲ್ಲೇ ಸಲ್ಲಿಸಬಹುದು. ಟಿಕೆಟ್, ಇಮೇಲ್‌ಗಳು, ಬೆಳಗಿನ ಹೊಸ ಟಿಕೆಟ್, ಆ ಫೋಟೊ, ಅಫಿಡವಿಟ್, ಇಷ್ಟೇ ನಾನು ಕೊಟ್ಟಿದ್ದು. ಕಂಪನಿಯ ವಕೀಲರು 'ನೋ ಶೋ' ಅಂತ ಅಚ್ಚಾದ ಹಾಳೆ ತಂದಿದ್ದರು. ಆಯೋಗದವರು ಆ ಹಾಳೆಯನ್ನೂ ಅಮ್ಮನ ಫೋಟೊವನ್ನೂ ಅಕ್ಕಪಕ್ಕ ಇಟ್ಟು, '17:32ಕ್ಕೆ ಇವರು ಎಲ್ಲಿದ್ದಾರೆ ಹೇಳಿ' ಅಂತ ಕೇಳಿದರು. ಉತ್ತರ ಬರಲಿಲ್ಲ.

ಒಂಬತ್ತು ತಿಂಗಳು ಹಿಡಿಯಿತು. ಟಿಕೆಟ್ ದುಡ್ಡು, ನಿಯಮದ ಪರಿಹಾರ ತಲಾ 18,400 ರೂಪಾಯಿ, ಮಾನಸಿಕ ಹಿಂಸೆಗೆ ಮತ್ತು ಖರ್ಚಿಗೆ ಬೇರೆ ಸ್ವಲ್ಪ ಕೊಡಬೇಕು ಅಂತ ಆದೇಶವಾಯಿತು. ನಿಮಗೂ ಹೀಗಾಗಿದ್ದರೆ, ಘಟನೆ ನಡೆದು 2 ವರ್ಷದೊಳಗೆ ದೂರು ಕೊಡಬೇಕು. ಕಳೆದ ವರ್ಷದ್ದಾಗಿದ್ದರೆ ಇನ್ನೂ ಸಮಯ ಇದೆ. ಹಳೇ ಫೋನಿನ ಫೋಟೊಗಳನ್ನು, ಮನೆಯವರಿಗೆ ಕಳಿಸಿದ ಮೆಸೇಜುಗಳನ್ನು ಇವತ್ತೇ ತೆಗೆದು ನೋಡಿ.