ಸೂಜಿ ಕೈಲಿದ್ದಾಗ ಪುಸ್ತಕ ಹೇಗೆ ಓದೋದು? ನಾಲ್ಕು ತರ ಮಾಡಿ ನೋಡಿದೆ

ಸಂಜೆ ದೇವರಿಗೆ ದೀಪ ಹಚ್ಚಿದ ಮೇಲೆ ರಾತ್ರಿ ಊಟಕ್ಕೆ ಬಡಿಸೋತನಕ ನಂಗೆ ಅಂತ ಸಿಗೋದು ಒಂದೂವರೆ ತಾಸು. ಶಿರಸಿ ಪೇಟೆಯಿಂದ ಸ್ವಲ್ಪ ಒಳಗೆ ನಮ್ಮ ತೋಟದ ಮನೆ, ಅಷ್ಟೊತ್ತಿಗೆ ಹೊರಗೆ ಏನೂ ಕೆಲಸ ಇರಲ್ಲ. ಆ ಒಂದೂವರೆ ತಾಸಲ್ಲಿ ಕಸೂತಿನೂ ಹಾಕ್ಬೇಕು, ಪುಸ್ತಕಾನೂ ಓದ್ಬೇಕು, ಎರಡರಲ್ಲಿ ಯಾವ್ದನ್ನಾದ್ರೂ ಬಿಡು ಅಂದ್ರೆ ನನ್ನ ಕೈಲಾಗಲ್ಲ. ಹಂಗಾಗಿ ಈ ಸಲ ಮಳೆಗಾಲ ಶುರುವಾದಾಗಿಂದ ದೀಪಾವಳಿ ಹತ್ರ ಬರೋತನಕ ನಾಲ್ಕು ತರದಲ್ಲಿ ಓದಿ ನೋಡಿದೆ, ಒಂದೊಂದು ತರಕ್ಕೂ ಕೆಲವು ವಾರ ಕೊಟ್ಟೆ. ಕೆಲಸ ಮಾತ್ರ ನಾಲ್ಕಕ್ಕೂ ಒಂದೇ, ಚಂದ್ರಕಾಳಿ ಸೀರೆ ಸೆರಗು. ಕಪ್ಪು ಬಟ್ಟೆ ಮೇಲೆ ಗೋಪುರ, ತೇರು, ಅಂಚಿಗೆ ಹಂಸದ ಸಾಲು. ದಿನಾ ಎಷ್ಟು ಪುಟ ಓದಿದೆ, ಎಷ್ಟು ಸಲ ದಾರ ಬಿಚ್ಚಿದೆ ಅಂತ ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೇಲಿ ಬರೆದಿಟ್ಟಿದ್ದೆ.

ಕಸೂತಿ ಗೊತ್ತಿಲ್ಲದೋರಿಗೆ ಒಂದು ಮಾತು, ಇಲ್ಲಾಂದ್ರೆ ಮುಂದಿಂದು ಅರ್ಥ ಆಗಲ್ಲ. ಧಾರವಾಡ ಕಡೆಯ ಈ ಕಸೂತೀಲಿ ಬಟ್ಟೆ ಮೇಲೆ ಚಿತ್ರ ಬರ್ಕೊಳ್ಳೋ ಪದ್ಧತಿ ಇಲ್ಲ, ಬಟ್ಟೆಯ ಎಳೆ ಎಣಿಸ್ಕೊಂಡೇ ಹಾಕೋದು, ಗಂಟು ಹಾಕೋ ಹಂಗಿಲ್ಲ. ಹೊಲಿಗೆ ನಾಲ್ಕು ತರ: ಗವಂತಿ, ಅಂಕುಡೊಂಕಾಗಿ ಹೋಗೋ ಮುರ್ಗಿ, ನೇಯ್ದ ಹಂಗೆ ಕಾಣೋ ನೇಗಿ, ಮೆಂತಿ. ಗವಂತೀಲಿ ಒಂದು ಹೊಲಿಗೆ ಬಿಟ್ಟು ಒಂದು ಹಾಕ್ತಾ ಹೋಗಿ, ತುದಿ ಮುಟ್ಟಿ ವಾಪಸ್ ಬರ್ತಾ ಬಿಟ್ಟ ಜಾಗ ತುಂಬ್ಕೊಂಡು ಬರೋದು, ಆವಾಗ ಹಿಂದೆ ಮುಂದೆ ಎರಡು ಕಡೆನೂ ಒಂದೇ ತರ ಕಾಣತ್ತೆ. ಇದರ ಕಷ್ಟ ಏನಂದ್ರೆ ಹೋಗುವಾಗ ಒಂದು ಎಳೆ ತಪ್ಪಿದ್ರೆ ಆವಾಗ್ಲೇ ಗೊತ್ತಾಗಲ್ಲ, ವಾಪಸ್ ಬರುವಾಗ ಸೇರಬೇಕಾದ ಜಾಗಕ್ಕೆ ಸೂಜಿ ಬಂದು ಸೇರಲ್ಲ, ಆವಾಗ ಅರ್ಧ ತಾಸಿನ ಕೆಲಸ ಬಿಚ್ಚಬೇಕು. ಮೆಂತಿ ಹಂಗಲ್ಲ, ಅದು ಗುಣಿಸೋ ಚಿಹ್ನೆ ತರ ಅಡ್ಡ ಅಡ್ಡ ಹಾಕಿ ಜಾಗ ತುಂಬೋದು, ಮೊದಲ ಸಾಲು ಸರಿಯಾಗಿ ಕೂತ್ರೆ ಆಮೇಲೆ ಕೈಯೇ ಮುಂದೆ ಹೋಗತ್ತೆ.

ಮೊದಲು ವ್ಯಾಸಪೀಠ. ಅಜ್ಜ ಭಾರತ ಓದ್ತಿದ್ದ ಹಲಸಿನ ಮರದ್ದು ಅಟ್ಟದ ಮೇಲಿತ್ತು, ಒರೆಸಿ ತಂದು ಎದುರಿಗೆ ಇಟ್ಕೊಂಡೆ. ಕಾಗದದ ಪುಸ್ತಕಾನೇ ನಂಗೆ ಇಷ್ಟ, ಅದ್ರಲ್ಲಿ ಎರಡು ಮಾತಿಲ್ಲ. ಆದ್ರೆ ಈಗ ಬರೋ ಪುಸ್ತಕ ಬೆನ್ನಿಗೆ ಗೋಂದು ಹಾಕಿ ಅಂಟಿಸಿದ್ದು, ತೆರೆದಿಟ್ರೆ ನಿಲ್ಲಲ್ಲ, ಎರಡು ಬದಿಗೂ ಬಟ್ಟೆ ಕ್ಲಿಪ್ಪು ಹಾಕ್ಬೇಕು, ಪುಟ ತಿರುಗಿಸೋಕೆ ಪ್ರತಿ ಸಲ ಕ್ಲಿಪ್ಪು ತೆಗಿ, ಹಾಕು. ಅದೇ ಲೈಬ್ರರಿಯಿಂದ ತಂದ ಹಳೇ ಪುಸ್ತಕ ದಾರದಲ್ಲಿ ಹೊಲಿದ ಬೈಂಡಿಂಗು, ತೆರೆದಿಟ್ರೆ ಚಾಪೆ ಹಾಸಿದ ಹಂಗೆ ಬಿದ್ಕೊಳ್ಳತ್ತೆ. ದಿನಾ ದಾರ ಹಿಡಿಯೋಳಾಗಿ ಆ ಹೊಲಿಗೆ ನೋಡಿದ್ರೆ ನಂಗೆ ಖುಷಿ ಆಗತ್ತೆ, ಯಾರೋ ಪುಣ್ಯಾತ್ಮರು ಒಂದೊಂದು ಮಡಿಕೆನೂ ಕೂತು ಹೊಲ್ದಿದ್ದಾರೆ.

ಕಣ್ಣು ಮಾತ್ರ ಒಂದೇ ಅಲ್ವಾ. ಕಪ್ಪು ಬಟ್ಟೆ ಎಳೆ ರಾತ್ರಿ ದೀಪದಲ್ಲಿ ಕಾಣೋದೇ ಕಷ್ಟ, ತೊಡೆ ಮೇಲೆ ಬಿಳಿ ಪಂಚೆ ಹಾಸ್ಕೊಂಡು ಅದರ ಮೇಲೆ ಸೆರಗು ಇಟ್ರೆ ತೂತು ಕಾಣತ್ತೆ. ಅಲ್ಲಿಂದ ಕಣ್ಣೆತ್ತಿ ಪುಸ್ತಕ ನೋಡಿ ಮತ್ತೆ ಬಟ್ಟೆಗೆ ಬಂದ್ರೆ ಎಲ್ಲಿದ್ದೆ ಅಂತಾನೇ ತಿಳಿಯಲ್ಲ. ಯಶವಂತ ಚಿತ್ತಾಲರ ಶಿಕಾರಿ ಇಟ್ಕೊಂಡು ಶುರು ಮಾಡಿದ್ದೆ, 1979ರ ಕಾದಂಬರಿ. ನಮ್ಮ ಜಿಲ್ಲೆಯ ಹನೇಹಳ್ಳಿಯೋರು ಮುಂಬಯಿ ಬದುಕನ್ನ ಬರೆದಿದ್ದು ಅನ್ನೋ ಪ್ರೀತಿಗೆ ಎತ್ಕೊಂಡಿದ್ದು. ಅದು ಸೂಜಿ ಜೊತೆ ಓದೋ ಪುಸ್ತಕವೇ ಅಲ್ಲ. ಒಬ್ಬ ಮನುಷ್ಯನ ತಲೆಯೊಳಗೆ ನಡೆಯೋದನ್ನ ನಾವೂ ಒಳಗೆ ಕೂತು ನೋಡ್ಬೇಕು, ನಡುವೆ ಎಂಟು ಎಳೆ ಎಣಿಸಿ ಬಂದ್ರೆ ಆ ದಾರಿ ಕಡಿದು ಹೋಗತ್ತೆ. ಮೂರು ವಾರದಲ್ಲಿ ಅರವತ್ತು ಪುಟ ಆಯ್ತು ಅಷ್ಟೇ. ಕೊನೆಗೆ ಬಟ್ಟೆ ಮಡಚಿಟ್ಟು ಒಂದು ಭಾನುವಾರ ಪೂರ್ತಿ ಕೂತು ಅದನ್ನ ಓದಿ ಮುಗಿಸಿದೆ, ಅವತ್ತು ಮಾತ್ರ ನಿಜವಾಗಿ ಓದಿದ್ದು.

ವ್ಯಾಸಪೀಠಕ್ಕೆ ಸರಿ ಹೊಂದಿದ್ದು ಒಂದೇ, ಚುಟುಕ. ದಿನಕರ ದೇಸಾಯಿಯವರದ್ದು, ನಮ್ಮ ಅಂಕೋಲೆ ಕಡೆಯೋರು, 1967ರಲ್ಲಿ ಇಲ್ಲಿಂದ ಲೋಕಸಭೆಗೂ ಹೋಗಿದ್ದೋರು. ನಾಲ್ಕೇ ಸಾಲು. ಗವಂತಿ ಒಂದು ಸಾಲು ಹೋಗಿ ತುದಿ ಮುಟ್ಟಿದಾಗ ಕಣ್ಣಿಗೆ ಹೆಂಗೂ ವಿಶ್ರಾಂತಿ ಬೇಕು, ಆವಾಗ ಒಂದು ಚುಟುಕ ಓದೋದು, ಅದನ್ನೇ ಬಾಯಲ್ಲಿ ಹೇಳ್ಕೊಳ್ತಾ ವಾಪಸ್ ಬರೋದು. ಹೀಗೆ ಮಾಡಿದ ಹನ್ನೊಂದು ದಿನದಲ್ಲಿ ನಾನು ಬಿಚ್ಚಿದ್ದು ಒಂದೇ ಸಲ.

ಎರಡನೇದು ಆಡಿಯೋ ಪುಸ್ತಕ. ಇದ್ರ ಮೇಲೆ ನಂಗೆ ಬಹಳ ಆಸೆ ಇತ್ತು, ಕಣ್ಣು ಬಟ್ಟೆಗೆ, ಕಿವಿ ಕತೆಗೆ, ಇನ್ನೇನು ಬೇಕು ಅಂತ. ಕನ್ನಡದಲ್ಲಿ ಈಗ ಸುಮಾರು ಸಿಗತ್ತೆ, ಮೈಲ್ಯಾಂಗ್, ಸ್ಟೋರಿಟೆಲ್ ಎರಡರಲ್ಲೂ ಇವೆ. ಇಯರ್‌ಫೋನ್ ವೈರು ಕಸೂತಿ ದಾರಕ್ಕೆ ಸುತ್ಕೊಳ್ಳತ್ತೆ ಅಂತ ಫೋನಿನ ಸ್ಪೀಕರಲ್ಲೇ ಹಾಕ್ದೆ. ಆಷಾಢದ ಮಳೆ ಹಂಚಿನ ಮೇಲೆ ಬೀಳ್ತಿದ್ರೆ ಏನೂ ಕೇಳಲ್ಲ, ಹಂಗಾಗಿ ಫೋನನ್ನ ಸ್ಟೀಲ್ ಪಾತ್ರೆ ಒಳಗೆ ಇಡ್ತಿದ್ದೆ, ದನಿ ದೊಡ್ಡದಾಗತ್ತೆ, ಸ್ವಲ್ಪ ಡಬ್ಬಾ ಡಬ್ಬಾ ಅನ್ನತ್ತೆ ಆದ್ರೂ ಪರವಾಗಿಲ್ಲ.

ತೇರಿನ ಒಳಗೆ ಮೆಂತಿ ತುಂಬೋ ಕೆಲಸ ಇದ್ದಾಗ ಇದು ಸ್ವರ್ಗ. ಒಂದು ಪತ್ತೇದಾರಿ ಕಾದಂಬರಿ ಐದು ದಿನದಲ್ಲಿ ಕೇಳಿ ಮುಗಿಸಿದೆ, ಹೊಲಿಗೇನೂ ಚಂದ ಬಂತು. ಅದೇ ಧೈರ್ಯದಲ್ಲಿ ಗವಂತಿಗೆ ಬಂದೆ. ಗೋಪುರದ ಮೆಟ್ಟಿಲು ಹತ್ತೋ ಸಾಲು, ಅದೇ ಹೊತ್ತಿಗೆ ಕತೇಲಿ ಬಾಗಿಲು ತೆರೆದು ಯಾರೋ ಒಳಗೆ ಬರ್ತಾರೆ, ನಾನು ನಾಲ್ಕು ಎಣಿಸೋ ಕಡೆ ಮೂರು ಎಣಿಸಿದ್ದೀನಿ. ಗೊತ್ತಾಗಿದ್ದು ನಲವತ್ತು ನಿಮಿಷದ ಮೇಲೆ, ವಾಪಸ್ ಬರುವಾಗ. ಎಣಿಕೆನೂ ಮಾತು, ಕತೆನೂ ಮಾತು, ಎರಡೂ ಮನಸ್ಸಿನ ಒಂದೇ ಜಗಲೀಲಿ ಕೂರೋಕೆ ಬರ್ತವೆ, ಒಂದು ಎದ್ದು ಹೋಗ್ಲೇಬೇಕು. ಅವತ್ತು ಒಂದೇ ಸಂಜೆ ಮೂರು ಸಲ ಬಿಚ್ಚಿದೆ, ಬಿಚ್ಚಿ ಬಿಚ್ಚಿ ಅದೇ ದಾರ ಹಾಕಿದ್ರೆ ಜುಂಗು ಏಳತ್ತೆ, ಹೊಸ ದಾರ ತಗೊಂಡೆ. ವೇಗ ಕಡಿಮೆ ಮಾಡಿ ಕೇಳಿದೆ, ಆವಾಗ ಓದೋರ ದನಿ ನಿದ್ದೆಗಣ್ಣಲ್ಲಿ ಮಾತಾಡಿದ ಹಂಗಾಗತ್ತೆ, ಕತೆಗೇ ಅನ್ಯಾಯ.

ಮೂರನೇದು ಫೋನಲ್ಲಿ ಇ-ಬುಕ್. ಇದ್ರ ಬಗ್ಗೆ ಜಾಸ್ತಿ ಹೇಳೋದಿಲ್ಲ. ಅಕ್ಷರ ದೊಡ್ಡ ಮಾಡ್ಕೋಬಹುದು, ಕರೆಂಟು ಹೋದ್ರೂ ಓದಬಹುದು, ಶಿರಸಿ ಮಳೆಗಾಲದಲ್ಲಿ ಅದು ದೊಡ್ಡ ಉಪಕಾರ. ಆದ್ರೆ ಬೆಳಕಿನ ಪರದೆ ನೋಡಿ ಕಪ್ಪು ಬಟ್ಟೆ ನೋಡಿದ್ರೆ ಸ್ವಲ್ಪ ಹೊತ್ತು ಎಳೆಯೇ ಕಾಣಲ್ಲ, ಆ ಬೆಳಕಿಗೆ ಮಳೆಹುಳ ಬೇರೆ ಬರ್ತವೆ. ಬಿಳಿ ಬಟ್ಟೆ ಮೇಲೆ ಕೆಲಸ ಮಾಡೋರಿಗೆ ಅಷ್ಟು ತೊಂದರೆ ಆಗ್ಲಿಕ್ಕಿಲ್ಲ. ನಾನು ಎರಡೇ ವಾರಕ್ಕೆ ಬಿಟ್ಟೆ. ಹಾಸಿಗೇಲಿ ಮಲಗಿ ಓದೋಕೆ ಈಗ್ಲೂ ಅದೇ.

ನಾಲ್ಕನೇದನ್ನ ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಆಡಿಯೋ ಕೇಳೋವಾಗ ಅತ್ತೆ ಪಕ್ಕದಲ್ಲಿ ಬತ್ತಿ ಹೊಸೀತಾ ಕೂರ್ತಿದ್ರು. ಒಂದಿನ ಫೋನಿಗೆ ಚಾರ್ಜ್ ಇಲ್ಲ, ಕರೆಂಟೂ ಇಲ್ಲ, ಚಾರ್ಜರ್ ಲೈಟು ಒಂದೇ. ಅವ್ರೇ "ಪುಸ್ತಕ ಕೊಡು ತಂಗಿ, ಆನು ಓದ್ತಿ" ಅಂದ್ರು. ಅವ್ರು ಓದಿದ್ದು ಏಳನೇ ಕ್ಲಾಸು, ಸಾಲಿನ ಕೆಳಗೆ ಬೆರಳಿಟ್ಕೊಂಡು ಓದೋರು. ಕೈಗೆ ಸಿಕ್ಕಿದ್ದು ತೇಜಸ್ವಿಯವರ ಕರ್ವಾಲೊ. ಮೊದಲ ನಾಲ್ಕು ಪುಟ ಅವ್ರಿಗೆ ಸ್ವಲ್ಪ ತಡವರಿಸ್ತು, ಆಮೇಲೆ ಮಂದಣ್ಣ ಬಂದ ಮೇಲೆ ದನಿಯೇ ಬೇರೆ ಆಗೋಯ್ತು. ಜೇನು, ಕಾಡು, ಮಳೆ, ಆಳುಕಾಳಿನ ಮಾತು, ಇವೆಲ್ಲ ಅವ್ರು ದಿನಾ ನೋಡಿದ್ದೇ ಅಲ್ವಾ, ಯಾರ್ಯಾರು ಹೆಂಗೆ ಮಾತಾಡ್ತಾರೆ ಅಂತ ಅವ್ರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಇಲ್ಲಿ ನಂಗೆ ಕಂಡ ದೊಡ್ಡ ವ್ಯತ್ಯಾಸ ಇದು. ಗವಂತೀಲಿ ಕಷ್ಟದ ತಿರುವು ಬಂದಾಗ ನಾನು ಎಡಗೈ ಬೆರಳು ಒಂದು ಎತ್ತಿದ್ರೆ ಸಾಕು, ಅವ್ರು ನಿಲ್ಲಿಸ್ತಾರೆ. ಎಣಿಸಿ ಮುಗಿಸಿ ಕೈ ಇಳಿಸಿದ್ರೆ ಅರ್ಧ ವಾಕ್ಯ ಹಿಂದಿಂದ ಮತ್ತೆ ಹಿಡೀತಾರೆ. ಫೋನಲ್ಲೂ ನಿಲ್ಲಿಸೋ ಬಟನ್ ಇದೆ, ಆದ್ರೆ ಅದನ್ನ ಒತ್ತೋಕೆ ಸೂಜಿ ಬಿಡಬೇಕು, ಎಳೆ ತಪ್ಪೋದೇ ಅಲ್ಲಿ. ಎಷ್ಟೋ ಸಲ ಬೆರಳು ಎತ್ತೋದೂ ಬೇಕಾಗಲ್ಲ, ನನ್ನ ಮುಖ ನೋಡೇ "ಎಂತ ಆತು, ತಪ್ಪೋತಾ?" ಅಂತ ಕೇಳ್ತಾರೆ. ನಾಲ್ಕು ವಾರದಲ್ಲಿ ಗವಂತಿ ಬಿಚ್ಚಿದ್ದು ಎರಡು ಸಲ. ಓದು ನಿಧಾನ, ಒಂದು ಸಂಜೆಗೆ ಹತ್ತು ಹನ್ನೆರಡು ಪುಟ, ಆಡಿಯೋದಲ್ಲಿ ಅದರ ಎರಡರಷ್ಟು ಆಗತ್ತೆ. ಆದ್ರೆ ಕೇಳಿದ್ದೆಲ್ಲ ನೆನಪಲ್ಲಿ ಉಳಿದಿದೆ, ಆ ಪತ್ತೇದಾರಿ ಕತೆಯ ಕೊನೆ ಈಗ ಕೇಳಿದ್ರೆ ನಂಗೆ ಹೇಳೋಕೆ ಬರಲ್ಲ.

ನಮ್ಮ ಕಡೆ ಅಡಿಕೆ ಸುಲಿಯೋ ರಾತ್ರಿಗಳೂ ಹಿಂಗೇ ಇದ್ದಿದ್ದು. ಚಿಕ್ಕವಳಿದ್ದಾಗ ತವರಲ್ಲಿ ನೋಡಿದ್ದೆ, ಅಂಗಳದಲ್ಲಿ ಸಾಲಾಗಿ ಕೂತು ಸುಲೀತಾ ಇರೋರು, ಒಬ್ಬರು ಯಕ್ಷಗಾನ ಪ್ರಸಂಗದ ಪದ ಹೇಳೋರು ಇಲ್ಲಾ ಕತೆ ಹೇಳೋರು, ಕತ್ತಿ ನಿಂತಾಗ ಕತೆ ನಿಲ್ಲೋದು.

ಕರ್ವಾಲೊ ಮುಗಿದ ಮೇಲೆ ಕಾರಂತರ ಬೆಟ್ಟದ ಜೀವ ತಗೊಂಡ್ವಿ, 1943ರದ್ದು. ಗೋಪಾಲಯ್ಯ, ಶಂಕರಿ, ಕಾಡಿನ ನಡುವೆ ಅಡಿಕೆ ತೋಟ, ಮನೆ ಬಿಟ್ಟು ಹೋದ ಮಗ. ನಮ್ಮ ಮನೇಲೂ ಮೈದುನ ಬೆಂಗಳೂರಲ್ಲಿ, ವರ್ಷಕ್ಕೆ ಎರಡು ಸಲ ಬರ್ತಾನೆ. ಶಂಕರಿ ಮಗನ್ನ ನೆನೆಸ್ಕೊಳ್ಳೋ ಜಾಗಕ್ಕೆ ಬಂದಾಗ ಅತ್ತೆ ದನಿ ನಿಂತೋಯ್ತು. ನಾನು ಬೆರಳು ಎತ್ತಿರಲಿಲ್ಲ. ಸೂಜಿ ಬಟ್ಟೇಲಿ ಹಂಗೇ ಚುಚ್ಚಿಟ್ಟು ಸುಮ್ನೆ ಕೂತೆ. ಸ್ವಲ್ಪ ಹೊತ್ತಿಗೆ ಕನ್ನಡಕ ಒರೆಸ್ಕೊಂಡು ಅವ್ರೇ ಮುಂದಕ್ಕೆ ಓದಿದ್ರು. ಆ ಪುಸ್ತಕ ನಾನು ಕಾಲೇಜಲ್ಲಿದ್ದಾಗ ಒಬ್ಳೇ ಓದಿದ್ದೆ, ಆ ಜಾಗ ನೆನಪೇ ಇರಲಿಲ್ಲ.

ಎಲ್ರಿಗೂ ಇದೇ ಸರಿ ಅಂತ ಹೇಳೋಕಾಗಲ್ಲ. ನಾವು ನಾಲ್ಕೈದು ಜನ ಶನಿವಾರ ಮಧ್ಯಾಹ್ನ ಒಬ್ಬರ ಮನೆ ಜಗಲೀಲಿ ಕೂತು ಕೈಕೆಲಸ ಮಾಡ್ತೀವಿ, ಅಲ್ಲಿ ಕ್ರೋಶೆ ಹಾಕೋ ಗೆಳತಿ ಇದ್ದಾಳೆ, ಮಾಡಿದ್ದೇ ಸಾಲು ಮತ್ತೆ ಮತ್ತೆ ಬರೋ ಶಾಲು ಆದ್ರೆ ಬೆರಳಲ್ಲೇ ಎಣಿಕೆ ಇರತ್ತೆ ಅವ್ಳಿಗೆ, ಟೇಬಲ್ ಮೇಲೆ ಪುಸ್ತಕ ಇಟ್ಕೊಂಡು ಓದ್ತಾನೇ ಹೆಣೀತಾಳೆ, ನೋಡೋಕೇ ಆಶ್ಚರ್ಯ. ಅವ್ಳಿಗೆ ವ್ಯಾಸಪೀಠಾನೇ ಮೊದಲು. ಸಿದ್ದಾಪುರ ಕಡೆಯೋಳು ಇನ್ನೊಬ್ಳು ಹಸೆ ಚಿತ್ತಾರ ಬರೀತಾಳೆ, ಪುಂಡಿ ನಾರಿನ ಕುಂಚ ಅಕ್ಕಿ ಹಿಟ್ಟಲ್ಲಿ ಅದ್ದಿ ಕೆಮ್ಮಣ್ಣಿನ ಮೇಲೆ ಎಳೆ ಎಳೆದ್ರೆ ಅರ್ಧಕ್ಕೆ ಕಣ್ಣು ತೆಗೆಯೋ ಹಂಗೇ ಇಲ್ಲ. ಅವ್ಳು ಆಡಿಯೋ ಬಿಟ್ಟು ಬೇರೆ ಬೇಡ ಅಂತಾಳೆ, ಅದೂ ಮೊದಲೇ ಓದಿ ಗೊತ್ತಿರೋ ಕಾದಂಬರಿ ಮಾತ್ರ, ಹೊಸ ಕತೆ ಆದ್ರೆ ಕೈ ನಡುಗತ್ತೆ ಅಂತ. ಅವ್ಳ ಮಾತು ಕೇಳಿ ನಾನೂ ಹಳೇ ಪುಸ್ತಕ ಒಂದನ್ನ ಆಡಿಯೋದಲ್ಲಿ ಹಾಕ್ಕೊಂಡು ಮುರ್ಗಿ ಹಾಕಿ ನೋಡಿದೆ, ನಿಜ, ತಪ್ಪು ಬಹಳ ಕಡಿಮೆ.

ಓದಿ ಹೇಳೋರು ಮನೇಲಿಲ್ಲದೋರು ಏನ್ ಮಾಡ್ಬೇಕು ಅಂತ ಕೇಳಿದ್ರೆ, ಮೆಂತಿ, ನೇಗಿ ಹಾಕೋ ದಿನ ಆಡಿಯೋ ಹಾಕ್ಕೊಳ್ಳಿ, ಗವಂತಿ ದಿನ ಚುಟುಕ ಇಟ್ಕೊಳ್ಳಿ, ಶಿಕಾರಿ ತರದ್ದು, ಕುವೆಂಪು ಅವರ ಮಲೆಗಳಲ್ಲಿ ಮದುಮಗಳು ತರ ಊರು ತುಂಬ ಜನ ಇರೋ ದೊಡ್ಡ ಕಾದಂಬರಿ ಇವೆಲ್ಲ ಬಟ್ಟೆ ಮಡಚಿಟ್ಟ ಮೇಲೆ. ಓದಿ ಹೇಳೋರು ಒಬ್ರು ಸಿಕ್ಕಿದ್ರೆ ಮಾತ್ರ ಬಿಡಬೇಡಿ, ಅವ್ರಿಗೆ ದೊಡ್ಡ ಅಕ್ಷರದ ಪ್ರತಿ ಹುಡುಕಿ ತನ್ನಿ, ಬೆಳಕು ಅವ್ರ ಕಡೆ ಜಾಸ್ತಿ ಬೀಳೋ ಹಂಗೆ ಇಡಿ. ನಾನು ಮೊದಲು ಲೈಟನ್ನ ನನ್ನ ಬಟ್ಟೆಗೇ ಇಟ್ಕೊಂಡಿದ್ದೆ, ಅವ್ರು ಎರಡು ವಾರ ಏನೂ ಹೇಳದೆ ಕಣ್ಣು ಕಿರಿದು ಮಾಡ್ಕೊಂಡು ಓದಿದ್ರು, ಅದು ಈಗ್ಲೂ ಮನಸ್ಸಿಗೆ ಚುಚ್ಚತ್ತೆ.

ಇನ್ನು ಹದಿನೈದು ದಿನಕ್ಕೆ ಅಡಿಕೆ ಕೊನೆ (ಗೊನೆ) ಕೊಯ್ಲು ಶುರು, ಆಮೇಲೆ ಅಡಿಕೆ ಚೊಗರು ಹತ್ತಿದ ಕೈಲಿ ಸೀರೆ ಮುಟ್ಟೋ ಹಂಗಿಲ್ಲ, ಆ ಕಲೆ ಹೋಗಲ್ಲ. ಸೆರಗಿನ ಅಂಚಲ್ಲಿ ಆರು ಹಂಸ ಬಾಕಿ ಇವೆ. ಬೆಟ್ಟದ ಜೀವದಲ್ಲಿ ಮೂವತ್ತು ಪುಟ. ಇವತ್ತು ಸಂಜೆ ದೀಪ ಹಚ್ಚೋ ಮೊದಲೇ ಅತ್ತೆ ಕನ್ನಡಕ ತಂದು ವ್ಯಾಸಪೀಠದ ಮೇಲೆ ಇಟ್ಟಾಗಿದೆ.