ಮಾಲೀಕರು ಬಾಡಿಗೆ ಬೇಡವೆಂದ ತಿಂಗಳಿನಿಂದಲೇ ಎಚ್ಚರವಿರಲಿ

ಮುಂಬೈಯ ಹಳೆಯ ಚಾಳುಗಳಲ್ಲಿ ಪಗಡಿ ಕೋಣೆ ಇಟ್ಟುಕೊಂಡಿರುವ ನಮ್ಮವರು, ಅದರಲ್ಲೂ ರಸೀದಿ ಯಾರ ಹೆಸರಿನಲ್ಲಿದೆಯೋ ಅವರು ತೀರಿಕೊಂಡು ಹೆಂಡತಿ ಮಕ್ಕಳಷ್ಟೇ ಉಳಿದಿರುವ ಕುಟುಂಬದವರು, ಇದನ್ನು ಪೂರ್ತಿ ಓದಬೇಕೆಂದು ಕೇಳಿಕೊಳ್ಳುತ್ತೇನೆ. ಮನೆ ಖಾಲಿ ಮಾಡಿಸುವ ಪ್ರಯತ್ನ ವಕೀಲರ ನೋಟಿಸಿನಿಂದ ಶುರುವಾಗುತ್ತದೆಂದು ಹೆಚ್ಚಿನವರು ತಿಳಿದಿದ್ದಾರೆ. ನನ್ನ ಚಿಕ್ಕಮ್ಮನ ವಿಷಯದಲ್ಲಿ ಅದು ಶುರುವಾದದ್ದು ಮಾಲೀಕರ ಕಡೆಯವರು ಬಾಡಿಗೆ ತೆಗೆದುಕೊಳ್ಳುವುದನ್ನು ನಿಲ್ಲಿಸಿದಾಗ. ನೋಟಿಸು ಹೊರಡುವ ಹೊತ್ತಿಗೆ ಮೊಕದ್ದಮೆಗೆ ಬೇಕಾದದ್ದೆಲ್ಲ ಅವರ ಕೈಯಲ್ಲಿ ಸಿದ್ಧವಾಗಿತ್ತು.

ಚಿಕ್ಕಪ್ಪ ಕುಂದಾಪುರದ ಕಡೆಯವರು. ಸಣ್ಣ ವಯಸ್ಸಿನಲ್ಲೇ ಮುಂಬೈಗೆ ಬಂದು ಫೋರ್ಟಿನ ಹೋಟೆಲೊಂದರಲ್ಲಿ ದುಡಿದು, ಕೂಡಿಟ್ಟ ಹಣಕ್ಕೆ ಊರಿನ ಜಾಗ ಮಾರಿ ಬಂದದ್ದನ್ನೂ ಸೇರಿಸಿ, 1980ರ ದಶಕದಲ್ಲಿ ಗಿರಗಾಂವ್‌ನ ಚಾಳೊಂದರಲ್ಲಿ ಒಂದು ಖೋಲಿಯನ್ನು, ಅಂದರೆ ಕೋಣೆಯನ್ನು, ಪಗಡಿಗೆ ಪಡೆದಿದ್ದರು. ದೊಡ್ಡ ಮೊತ್ತವನ್ನು ಒಮ್ಮೆಲೇ ಕೊಟ್ಟು, ಆಮೇಲೆ ತಿಂಗಳಿಗೆ ತೀರಾ ಕಡಿಮೆ ಬಾಡಿಗೆ ಕಟ್ಟುತ್ತ ಹೆಚ್ಚುಕಡಿಮೆ ಒಡೆಯರಂತೆಯೇ ಇರುವ ಈ ಪದ್ಧತಿ ಆಗ ಊರಿನ ತುಂಬ ಇತ್ತಾದರೂ, 1947ರ ಬಾಂಬೆ ಬಾಡಿಗೆ ಕಾಯಿದೆಯ ಪ್ರಕಾರ ಪಗಡಿ ಪಡೆಯುವುದು ಅಪರಾಧವಾಗಿತ್ತು. ಅದಕ್ಕೆ ಕಾನೂನಿನ ಮಾನ್ಯತೆ ಸಿಕ್ಕಿದ್ದು ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯಿದೆ, 1999ರ 56ನೆಯ ಕಲಮಿನಿಂದ. ಆ ಕಾಯಿದೆ ಜಾರಿಗೆ ಬಂದದ್ದು 2000ದ ಮಾರ್ಚ್ 31ರಂದು. ಹೀಗಾಗಿ ಅದಕ್ಕೂ ಮೊದಲು ಕೊಟ್ಟ ಪಗಡಿ ಹಣಕ್ಕೆ ನಮ್ಮ ಹಿರಿಯರಲ್ಲಿ ಅನೇಕರ ಬಳಿ ಒಂದು ಚೀಟಿಯೂ ಇಲ್ಲ. ಅವರ ಹಕ್ಕಿಗೆ ಆಧಾರವಾಗಿ ಉಳಿದಿರುವುದು ತಿಂಗಳ ಬಾಡಿಗೆಯ ರಸೀದಿಗಳು ಮಾತ್ರ. ಚಿಕ್ಕಪ್ಪನಿಗೆ ಇದು ಚೆನ್ನಾಗಿ ಗೊತ್ತಿತ್ತು. ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದ ತಂತಿಗೆ ಒಂದೊಂದೇ ಬಿಲ್ಲನ್ನು ಚುಚ್ಚಿಟ್ಟು, ತಂತಿ ತುಂಬಿದಾಗ ಬಿಚ್ಚಿ ಬಿಸ್ಕೆಟ್ ಡಬ್ಬಿಗೆ ಹಾಕಿ, ಡಬ್ಬಿಯ ಮೇಲೆ ವರ್ಷ ಬರೆದಿಡುತ್ತಿದ್ದರು.

ಅವರು ತೀರಿಕೊಂಡ ಮೇಲೆ ಬಿಲ್ಲನ್ನು ತಮ್ಮ ಹೆಸರಿಗೆ ಮಾಡಿಕೊಡುವಂತೆ ಚಿಕ್ಕಮ್ಮ ಕೇಳಿದರು. ವಸೂಲಿಗೆ ಬರುತ್ತಿದ್ದ ಮೆಹ್ತಾಜಿ, "ಕಟ್ಟಡ ಕೈ ಬದಲಾಗುತ್ತಿದೆ, ಹೊಸ ಮಾಲೀಕರು ಬಂದ ಮೇಲೆ ನಿಮ್ಮ ಹೆಸರಿನ ಬಿಲ್ಲೇ ಬರುತ್ತದೆ, ಅಲ್ಲಿಯವರೆಗಿನದನ್ನು ಒಟ್ಟಿಗೆ ಕೊಡಿ ಮಾವಶಿ, ಅವಸರವೇನೂ ಇಲ್ಲ" ಎಂದರು. ವರ್ಷಾನುಗಟ್ಟಲೆ ಪರಿಚಯವಿದ್ದ ಮನುಷ್ಯ ಹೀಗೆ ಸಮಾಧಾನದಿಂದ ಹೇಳಿದಾಗ ಎಂಥವರೂ ನಂಬುತ್ತಾರೆ. ಮುಂದಿನ ತಿಂಗಳುಗಳಲ್ಲಿ ಚಿಕ್ಕಮ್ಮ ಹಣ ಹಿಡಿದುಕೊಂಡೇ ಹೋದರು. ಪ್ರತಿ ಸಲವೂ ಅದೇ ಉತ್ತರ ಸಿಕ್ಕಿತು. ಬಾಡಿಗೆ ಬೇಡವೆಂದು ಅವರು ಬರಹದಲ್ಲಿ ಎಲ್ಲೂ ಹೇಳಲಿಲ್ಲ, ಕೊಡಲು ಬಂದಿದ್ದೆವೆಂಬುದಕ್ಕೆ ಇವರ ಬಳಿಯೂ ಬರಹದಲ್ಲಿ ಏನೂ ಉಳಿಯಲಿಲ್ಲ.

ಈ ನಡುವೆ ಮೊಣಕಾಲಿನ ಶಸ್ತ್ರಚಿಕಿತ್ಸೆಗಾಗಿ ಚಿಕ್ಕಮ್ಮ ಶಿವಮೊಗ್ಗದಲ್ಲಿರುವ ಮಗಳ ಮನೆಗೆ ಹೋದರು. ಗುಣವಾಗುವುದು ತಡವಾಯಿತು, ಖೋಲಿಗೆ ಬೀಗ ಬಿದ್ದೇ ಇತ್ತು. ಬಾಕಿ ಬಾಡಿಗೆಯ ನೋಟಿಸು ಬೀಗ ಹಾಕಿದ ಬಾಗಿಲಿಗೆ ಬಂದು ಹಿಂದಿರುಗಿತು. ಆಮೇಲೆ ಹೊಸ ಮಾಲೀಕರು, ಬಾಡಿಗೆ ಮೊಕದ್ದಮೆಗಳು ನಡೆಯುವ ಸ್ಮಾಲ್ ಕಾಸಸ್ ಕೋರ್ಟಿನಲ್ಲಿ ದಾವೆ ಹೂಡಿದರು. ಅದರಲ್ಲಿ ಬಾಡಿಗೆ ಬಾಕಿಯೆಂಬುದು ಒಂದು ಕಾರಣ, ಆರು ತಿಂಗಳಿಗಿಂತ ಹೆಚ್ಚು ಕಾಲ ಕೋಣೆಯನ್ನು ಬಳಸದೆ ಬಿಟ್ಟಿದ್ದಾರೆಂಬುದು ಇನ್ನೊಂದು. ಬೇಲಿಫ್ ಸಮನ್ಸನ್ನು ಅದೇ ಬಾಗಿಲಿಗೆ ಅಂಟಿಸಿ ಹೋದರು. ಶಿವಮೊಗ್ಗದ ವಿಳಾಸವಾಗಲಿ ಫೋನ್ ನಂಬರಾಗಲಿ ಮೆಹ್ತಾಜಿಗೆ ಗೊತ್ತಿರಲಿಲ್ಲವೆನ್ನುವಂತಿಲ್ಲ, ಏಕೆಂದರೆ ಹೊರಡುವ ಮುಂಚೆ ಚಿಕ್ಕಮ್ಮ ಎರಡನ್ನೂ ಅವರಿಗೇ ಬರೆದುಕೊಟ್ಟಿದ್ದರು. ಕೋರ್ಟಿಗೆ ಯಾರೂ ಹಾಜರಾಗದ ಕಾರಣ ಮಾಲೀಕರ ಮಾತನ್ನಷ್ಟೇ ಕೇಳಿ ತೀರ್ಪು, ಅಂದರೆ ಏಕಪಕ್ಷೀಯ ಡಿಕ್ರಿ, ಆಯಿತು, ಬೀಗ ಒಡೆದು ಪಂಚನಾಮೆ ಮಾಡಿ ಕೋಣೆಯನ್ನು ವಶಕ್ಕೆ ತೆಗೆದುಕೊಂಡರು. ಪಕ್ಕದ ಖೋಲಿಯ ಮರಾಠಿ ಕುಟುಂಬದವರು ಫೋನ್ ಮಾಡಿದಾಗಲೇ ನಮಗೆಲ್ಲ ವಿಷಯ ತಿಳಿದದ್ದು.

ಇದರಲ್ಲಿ ಚಿಕ್ಕಮ್ಮ ಕಳೆದುಕೊಂಡದ್ದೇನೆಂಬುದನ್ನು ಕಾಯಿದೆಯ 15ನೆಯ ಕಲಮನ್ನು ಓದಿದರೆ ತಿಳಿಯುತ್ತದೆ. ಬಾಡಿಗೆ ಕೊಡುತ್ತಿರುವ, ಅಥವಾ ಕೊಡಲು ಸಿದ್ಧರಿರುವ ಬಾಡಿಗೆದಾರರನ್ನು ಬಾಕಿಯ ಕಾರಣಕ್ಕೆ ಹೊರಹಾಕುವಂತಿಲ್ಲ. ಬಾಕಿಯಿದ್ದರೂ ಮಾಲೀಕರು ಮೊದಲು ಲಿಖಿತ ನೋಟಿಸು ಕೊಟ್ಟು 90 ದಿನ ಕಾಯಬೇಕು, ಅದರ ಬಳಿಕವಷ್ಟೇ ದಾವೆ ಹೂಡಬಹುದು. ದಾವೆ ಹೂಡಿದ ಮೇಲೂ ಬಾಗಿಲು ಮುಚ್ಚುವುದಿಲ್ಲ: ಸಮನ್ಸು ತಲುಪಿದ ದಿನದಿಂದ 90 ದಿನಗಳೊಳಗೆ ಬಾಕಿಯನ್ನೆಲ್ಲ ವರ್ಷಕ್ಕೆ ಶೇ. 15ರ ಸರಳ ಬಡ್ಡಿಯೊಂದಿಗೆ ಕೋರ್ಟಿನಲ್ಲಿ ಕಟ್ಟಿ, ದಾವೆ ಮುಗಿಯುವವರೆಗೂ ತಪ್ಪದೆ ಕಟ್ಟುತ್ತ ಹೋಗಿ, ಕೋರ್ಟು ಹೇಳಿದ ಖರ್ಚನ್ನೂ ಕೊಟ್ಟರೆ, ಬಾಕಿಯ ಕಾರಣಕ್ಕೆ ಡಿಕ್ರಿ ಮಾಡುವಂತಿಲ್ಲ. ಬಾಡಿಗೆದಾರರ ಪರವಾಗಿ ಇಷ್ಟು ಉದಾರವಾಗಿರುವ ಈ ರಕ್ಷಣೆ, ಕಾಗದ ಬಾಡಿಗೆದಾರರ ಕೈಗೆ ಸೇರಿದರೆ ಮಾತ್ರ ಕೆಲಸಕ್ಕೆ ಬರುತ್ತದೆ. ಚಿಕ್ಕಮ್ಮ ಕಟ್ಟಬೇಕಾಗಿದ್ದ ಮೊತ್ತ ಅವರ ಒಂದು ತಿಂಗಳ ಔಷಧಿ ಖರ್ಚಿಗಿಂತ ಹೆಚ್ಚಿನದಾಗಿರಲಿಲ್ಲ ಎಂಬುದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಆದ್ದರಿಂದ ಬಾಡಿಗೆ ಬೇಡವೆಂದ ಮೊದಲ ತಿಂಗಳೇ ಅದನ್ನು ಅಂಚೆಯ ಮನಿಯಾರ್ಡರ್ ಮೂಲಕ ಕಳುಹಿಸಿ. ಅವರು ಪಡೆದರೆ ಅದೇ ರಸೀದಿ. ನಿರಾಕರಿಸಿ ವಾಪಸು ಬಂದರೆ, ನೀವು ಕೊಡಲು ಸಿದ್ಧರಿದ್ದಿರಿ ಎಂಬುದಕ್ಕೆ ಆ ಕಾಗದವೇ ಸಾಕ್ಷಿ. ಚೆಕ್ಕನ್ನು ಒಂದು ಪತ್ರದೊಂದಿಗೆ ಸ್ಪೀಡ್ ಪೋಸ್ಟಿನಲ್ಲಿಯೂ ಕಳುಹಿಸಬಹುದು. ಪತ್ರದಲ್ಲಿ ಯಾವ ತಿಂಗಳ ಬಾಡಿಗೆ, ಎಷ್ಟು, ಯಾವ ಖೋಲಿ ಎಂಬುದು ಸ್ಪಷ್ಟವಾಗಿರಲಿ, ಒಂದು ಪ್ರತಿ ನಿಮ್ಮಲ್ಲಿರಲಿ. ಪಡೆದ ಹಣಕ್ಕೆ ರಸೀದಿ ಕೊಡುವುದು 31ನೆಯ ಕಲಮಿನ ಪ್ರಕಾರ ಮಾಲೀಕರ ಕರ್ತವ್ಯ, ಅದನ್ನು ಕೇಳಲು ಸಂಕೋಚ ಬೇಡ. ಊರಿಗೆ ಹೋಗಿ ತಿಂಗಳುಗಟ್ಟಲೆ ಉಳಿಯಬೇಕಾಗಿ ಬಂದರೆ ನಿಮ್ಮ ಅಲ್ಲಿನ ವಿಳಾಸವನ್ನು ಮಾಲೀಕರಿಗೆ ಬಾಯಿಮಾತಿನಲ್ಲಲ್ಲ, ಅಂಚೆಯಲ್ಲಿ ತಿಳಿಸಿ. ದಾವೆಯ ಹಿಂದಿನ ಆರು ತಿಂಗಳು ಸಕಾರಣವಿಲ್ಲದೆ ಕೋಣೆ ಬಳಸದೆ ಬಿಟ್ಟರೆ ಅದು 16ನೆಯ ಕಲಮಿನಡಿ ಖಾಲಿ ಮಾಡಿಸಲು ಸಾಕಾದ ಆಧಾರವಾಗುತ್ತದೆ. ಕಾರಣವಿತ್ತೆಂದು ತೋರಿಸಲು ಆಸ್ಪತ್ರೆಯ ಕಾಗದಗಳು ಬೇಕು, ಬಳಕೆಯಲ್ಲಿತ್ತೆಂದು ತೋರಿಸಲು ಇಲ್ಲಿ ವಿದ್ಯುತ್ ಪೂರೈಸುವ ಬೆಸ್ಟ್ ಸಂಸ್ಥೆಯ ಬಿಲ್ಲು ಬೇಕು. ಈ ವಿಷಯದಲ್ಲಿ ಊರು ಬಿಟ್ಟು ಬಂದು ಊರಿಗೇ ಮರಳುತ್ತಿರುವ ನಮ್ಮ ಹಿರಿಯರಷ್ಟು ಸುಲಭವಾಗಿ ಸಿಕ್ಕಿಬೀಳುವವರು ಬೇರೆ ಯಾರೂ ಇಲ್ಲವೆಂದೇ ನನ್ನ ಅಭಿಪ್ರಾಯ.

ಹೆಸರಿನ ಮಾತನ್ನೂ ಹೇಳಲೇಬೇಕು. ಬಾಡಿಗೆದಾರರು ತೀರಿಕೊಂಡಾಗ ಅವರೊಂದಿಗೆ ಆ ಮನೆಯಲ್ಲಿ ವಾಸವಿದ್ದ ಕುಟುಂಬದವರಿಗೆ ಬಾಡಿಗೆದಾರಿಕೆ ಕಾಯಿದೆಯಿಂದಲೇ ಬರುತ್ತದೆ. 7ನೆಯ ಕಲಮಿನ ವ್ಯಾಖ್ಯೆಯಲ್ಲೇ ಅದು ಇದೆ. ಬಿಲ್ಲಿನಲ್ಲಿ ಹೆಸರು ಬದಲಾಯಿಸುವುದು ಮಾಲೀಕರ ದಯೆಯಲ್ಲ, ಬದಲಾಯಿಸದಿದ್ದರೆ ಹಕ್ಕು ಹೋಗುವುದೂ ಇಲ್ಲ. ಆದರೆ ಜೊತೆಯಲ್ಲೇ ವಾಸವಿದ್ದೆವೆಂಬುದನ್ನು ತೋರಿಸಬೇಕಾಗುತ್ತದೆ, ತೊಡಕಿರುವುದು ಅಲ್ಲಿ. ಚಿಕ್ಕಪ್ಪನ ಬಿಲ್ಲಿನಲ್ಲಿ ಇಲ್ಲಿಯ ರೂಢಿಯಂತೆ ಅವರ ಹೆಸರಿನ ಮುಂದೆ ತಂದೆಯ ಹೆಸರಿತ್ತು. ಆಧಾರ್ ಕಾರ್ಡಿನಲ್ಲಿ ಊರಿನ ಇನಿಶಿಯಲ್ ಇತ್ತು. ಚಿಕ್ಕಮ್ಮನ ರೇಷನ್ ಕಾರ್ಡಿನಲ್ಲಿ ಗಂಡನ ಹೆಸರಿನ ಕಾಗುಣಿತವೇ ಬೇರೆ. ಮೂವರೂ ಬೇರೆ ಬೇರೆ ವ್ಯಕ್ತಿಗಳೆಂದು ಎದುರು ವಕೀಲರು ವಾದಿಸುವುದಕ್ಕೆ ಇಷ್ಟು ಸಾಕಾಯಿತು. ಹಿರಿಯರು ಇರುವಾಗಲೇ ಹೆಸರುಗಳನ್ನು ಸರಿಪಡಿಸಿಕೊಳ್ಳಿ, ಮನೆಯಲ್ಲಿ ವಾಸವಿರುವ ಎಲ್ಲರ ಗುರುತಿನ ಚೀಟಿಗೂ ಖೋಲಿಯ ವಿಳಾಸವನ್ನೇ ಹಾಕಿಸಿ.

ಮಾಲೀಕರನ್ನು ಒಟ್ಟಾರೆ ದೂಷಿಸುವುದು ನನ್ನ ಉದ್ದೇಶವಲ್ಲ. ಹಳೆಯ ಕಟ್ಟಡದ ಇಡೀ ವರ್ಷದ ಬಾಡಿಗೆ ಒಂದು ಮಳೆಗಾಲದ ರಿಪೇರಿಗೆ ಸಾಲದೆಂಬ ಅವರ ದೂರು ನಿಜ. ಮಲ್ಪೆ ವಿಶ್ವನಾಥ ಆಚಾರ್ಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1997ರ ಡಿಸೆಂಬರಿನಲ್ಲಿ, ಬಾಡಿಗೆಯನ್ನು ದಶಕಗಳ ಹಿಂದಿನ ಮಟ್ಟದಲ್ಲೇ ಹಿಡಿದಿಟ್ಟಿದ್ದ ಹಳೆಯ ಕಾಯಿದೆಯ ನಿಯಮಗಳು ಕಾಲ ಕಳೆದಂತೆ ನ್ಯಾಯಸಮ್ಮತವಾಗಿ ಉಳಿದಿಲ್ಲವೆಂದು ಹೇಳಿತ್ತು. ಹೊಸ ಕಾಯಿದೆ ವರ್ಷಕ್ಕೆ ಶೇ. 4ರಷ್ಟು ಏರಿಕೆಗೆ ಅವಕಾಶ ಕೊಟ್ಟಿದೆ, ವಿಶೇಷ ದುರಸ್ತಿಗಾಗಿ ಮಾಡಿದ ಖರ್ಚಿಗೂ ಏರಿಕೆ ಕೇಳಬಹುದು. ಸ್ವಂತಕ್ಕೆ ಮನೆ ಬೇಕಾದರೆ ಅದನ್ನು ಸಾಬೀತುಪಡಿಸಿ ಪಡೆಯುವ ದಾರಿಯೂ ಇದೆ. ಇಷ್ಟೆಲ್ಲ ನೇರ ದಾರಿಗಳಿರುವಾಗ ವಿಧವೆಯೊಬ್ಬರ ಬಾಡಿಗೆಯನ್ನು ಬೇಕೆಂದೇ ನಿಲ್ಲಿಸಿ, ಅದನ್ನೇ ಬಾಕಿಯೆಂದು ತೋರಿಸುವುದು ಅನ್ಯಾಯ. ನೀರು, ವಿದ್ಯುತ್ ಕಡಿದು ಕಿರುಕುಳ ಕೊಡುವವರೂ ಇದ್ದಾರೆ. ಅದನ್ನು 29ನೆಯ ಕಲಮು ನಿಷೇಧಿಸಿದೆ, ಮತ್ತೆ ಜೋಡಿಸುವಂತೆ ಕೋರ್ಟಿನಿಂದ ಆದೇಶ ತರಬಹುದು.

ಕಟ್ಟಡ ಅಪಾಯಕಾರಿಯೆಂದು ಖಾಲಿ ಮಾಡಿಸುವಾಗಲೂ ಹೆದರಿ ಸಿಕ್ಕಿದ ಕಾಗದಕ್ಕೆ ಸಹಿ ಹಾಕಬೇಡಿ. ಕಟ್ಟಡ ನೆಲಸಮವಾದ ಮಾತ್ರಕ್ಕೆ ಬಾಡಿಗೆದಾರಿಕೆ ಕೊನೆಗೊಳ್ಳುವುದಿಲ್ಲವೆಂದು ಸುಪ್ರೀಂ ಕೋರ್ಟು 2014ರಲ್ಲಿ, ಸಾಂಗ್ಲಿಯ ಒಂದು ಮೊಕದ್ದಮೆಯಲ್ಲಿ ತೀರ್ಪು ಕೊಟ್ಟಿದೆ. ಹೊರಡುವ ಮುಂಚೆ ಬಾಡಿಗೆದಾರರ ಪಟ್ಟಿಯಲ್ಲಿ ನಿಮ್ಮ ಹೆಸರು ಮತ್ತು ಕೋಣೆಯ ಅಳತೆ ದಾಖಲಾಗಿದೆಯೇ ಎಂದು ನೋಡಿಕೊಳ್ಳಿ.

ಈಚೆಗೆ ಮುಂಬೈ, ಪುಣೆಗೆ ಕೆಲಸಕ್ಕೆ ಬಂದು ಲೀವ್ ಆ್ಯಂಡ್ ಲೈಸೆನ್ಸ್ ಕರಾರಿನಲ್ಲಿ, ಅಂದರೆ ಗೊತ್ತಾದ ಅವಧಿಗೆ ವಾಸದ ಅನುಮತಿಯಷ್ಟೇ ಪಡೆದು, ಇರುವವರಿಗೆ ಮೇಲಿನ ರಕ್ಷಣೆಗಳು ಅನ್ವಯಿಸುವುದಿಲ್ಲ. ಅವಧಿ ಮುಗಿದ ಮೇಲೂ ಬಿಡದಿದ್ದರೆ 24ನೆಯ ಕಲಮಿನ ಪ್ರಕಾರ ಎರಡು ಪಟ್ಟು ಹಣ ಕೊಡಬೇಕಾಗುತ್ತದೆ, ಇಂಥ ಪ್ರಕರಣಗಳನ್ನು ನಡೆಸುವ ಸಕ್ಷಮ ಪ್ರಾಧಿಕಾರದ ಸಮನ್ಸು ಬಂದರೆ ಉತ್ತರಿಸಲು ಅನುಮತಿ ಕೇಳುವುದಕ್ಕೆ ಸಿಗುವುದು 30 ದಿನ ಮಾತ್ರ. ಇತ್ತ ಮೀರಾ ರೋಡ್, ಡೊಂಬಿವಲಿಗಳಲ್ಲಿ ಫ್ಲ್ಯಾಟು ಕೊಂಡು ಬಾಡಿಗೆಗೆ ಕೊಡುವ ನಮ್ಮವರೂ ಒಂದು ತಿಳಿದಿರಬೇಕು: ಹನ್ನೊಂದು ತಿಂಗಳ ಕರಾರಿಗೆ ನೋಂದಣಿ ಬೇಡವೆಂಬುದು ಮಹಾರಾಷ್ಟ್ರದಲ್ಲಿ ಸುಳ್ಳು. ನೋಂದಣಿಯ ಹೊಣೆ 55ನೆಯ ಕಲಮಿನಂತೆ ಮಾಲೀಕರದ್ದು. ಅದಿಲ್ಲದೆ ವಿವಾದ ಬಂದರೆ ಷರತ್ತುಗಳ ಬಗ್ಗೆ ಬಾಡಿಗೆಗಿರುವವರು ಹೇಳಿದ್ದೇ, ಅದು ತಪ್ಪೆಂದು ಸಾಬೀತಾಗುವವರೆಗೆ, ನಿಲ್ಲುತ್ತದೆ, ಮಾಲೀಕರಿಗೆ ಶಿಕ್ಷೆಯೂ ಆಗಬಹುದು.

ಚಿಕ್ಕಮ್ಮನ ಪ್ರಕರಣ ಇನ್ನೂ ನಡೆಯುತ್ತಿದೆ. ಏಕಪಕ್ಷೀಯ ಡಿಕ್ರಿಯನ್ನು ರದ್ದುಪಡಿಸಬೇಕೆಂಬ ಅರ್ಜಿಗೆ 30 ದಿನಗಳ ಗಡುವಿದೆ. ಸಮನ್ಸು ಸರಿಯಾಗಿ ಜಾರಿಯಾಗಿರದಿದ್ದರೆ ಅದನ್ನು ಡಿಕ್ರಿಯ ವಿಷಯ ತಿಳಿದ ದಿನದಿಂದ ಎಣಿಸುತ್ತಾರೆ. ಫೋನ್ ಬಂದ ಕೂಡಲೇ ಓಡಾಡಿದ್ದರಿಂದ ಆ ಗಡುವಿನೊಳಗೆ ಅರ್ಜಿ ಹಾಕಲು ಸಾಧ್ಯವಾಯಿತು, ಕೋಣೆಯನ್ನು ಬೇರೆಯವರಿಗೆ ಕೊಡಬಾರದೆಂಬ ತಡೆಯಾಜ್ಞೆಯೂ ಸಿಕ್ಕಿದೆ. ವಕೀಲರಿಗೆ ಕೊಡಲು ಹಣವಿಲ್ಲವೆಂದು ಯಾರೂ ಕೈಚೆಲ್ಲಿ ಕೂರಬೇಕಾಗಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯಂತೆ ಹೆಂಗಸರಿಗೆ, ಅವರ ಆದಾಯ ಎಷ್ಟೇ ಇದ್ದರೂ, ಉಚಿತವಾಗಿ ವಕೀಲರನ್ನು ಕೊಡುತ್ತಾರೆ. ಚಿಕ್ಕಮ್ಮನಿಗೆ ವಕೀಲರು ಸಿಕ್ಕಿದ್ದೂ ಹಾಗೆಯೇ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿಗೆ ಹೋಗುವಾಗ ಕೋರ್ಟಿನಿಂದ ಬಂದ ಕಾಗದ, ಸಿಕ್ಕಷ್ಟು ಹಳೆಯ ರಸೀದಿಗಳು, ವಿದ್ಯುತ್ ಬಿಲ್ಲು, ತೀರಿಕೊಂಡವರ ಮರಣ ಪ್ರಮಾಣಪತ್ರ ಮತ್ತು ನಿಮ್ಮ ಗುರುತಿನ ಚೀಟಿಯನ್ನು ಜೊತೆಗೊಯ್ಯಿರಿ.