ಪುಣೆಯಲ್ಲಿ ಆಟ, ಸಂಗೀತ, ಸ್ಕೇಟಿಂಗ್: ಗಹುಂಜೆ, ಬಾಲೇವಾಡಿ, ಮುಕುಂದನಗರ... ಯಾರಿಗೆ ಯಾವುದು?

ಪುಣೆಗೆ ಹೊಸದಾಗಿ ಬಂದ ಕನ್ನಡದವರು ಸಿಕ್ಕಿದರೆ ಮೊದಲು ಮನೆ ಬಾಡಿಗೆ ಕೇಳ್ತಾರೆ, ಆಮೇಲೆ ಶಾಲೆ ಕೇಳ್ತಾರೆ. ಮೂರನೇ ಪ್ರಶ್ನೆ ಯಾವಾಗಲೂ ಇದೇ: ‘ಶನಿವಾರ, ಭಾನುವಾರ ಮಕ್ಕಳನ್ನ ಎಲ್ಲಿಗೆ ಕರ್ಕೊಂಡು ಹೋಗ್ತೀರಿ?’ ಮಾಲ್‌ಗಳು ಬೇಕಾದಷ್ಟಿವೆ, ಅದನ್ನು ನಾನು ಹೇಳಬೇಕಾಗಿಲ್ಲ. ಆದರೆ ಆಟ ನೋಡೋಕೆ, ಹಾಡು ಕೇಳೋಕೆ, ಮಕ್ಕಳು ಕಾಲಿಗೆ ಚಕ್ರ ಕಟ್ಟಿಕೊಂಡು ಓಡೋಕೆ ಈ ಊರಲ್ಲಿ ಒಳ್ಳೊಳ್ಳೆ ಜಾಗಗಳಿವೆ. ನಾವಿರೋದು ವಾಕಡ್‌ನಲ್ಲಿ. ಮನೆಯಲ್ಲಿ ಕ್ರಿಕೆಟ್ ಹುಚ್ಚಿನ ಮಗ ಇದ್ದಾನೆ, ಸ್ಕೇಟಿಂಗ್ ಕಲಿಯುತ್ತಿರುವ ಮಗಳಿದ್ದಾಳೆ. ಚಳಿಗಾಲಕ್ಕೆ ಅಪ್ಪ ಧಾರವಾಡದಿಂದ ಬಂದು ಇರ್ತಾರೆ. ಹಾಗಾಗಿ ಈ ಜಾಗಗಳನ್ನೆಲ್ಲ ಸುತ್ತಿ ನೋಡಿದ್ದೇವೆ.

ನಾನು ಮುಖ್ಯವಾಗಿ ನೋಡುವುದು ಒಂದೇ. ಕೂತ ಜಾಗದಿಂದ ನಮ್ಮ ಕಣ್ಣಿಗೆ, ಕಿವಿಗೆ ಎಷ್ಟು ಸಿಗುತ್ತದೆ ಅನ್ನೋದು. ದೊಡ್ಡ ಪರದೆ ನೋಡೋದಾದರೆ ಮನೆಯಲ್ಲೇ ಟಿವಿ ಇದೆ. ಅದರ ಜೊತೆಗೆ, ರಾತ್ರಿ ಮಕ್ಕಳನ್ನು ಎಬ್ಬಿಸಿಕೊಂಡು ಮನೆ ಸೇರೋದು ಎಷ್ಟು ಸುಲಭ ಅನ್ನೋದನ್ನೂ ನೋಡ್ತೇನೆ. ಮಿಕ್ಕಿದ್ದೆಲ್ಲ ಆಮೇಲೆ.

ಮೊದಲು ಗಹುಂಜೆ, ಯಾಕೆಂದರೆ ಎಲ್ಲರೂ ಅದನ್ನೇ ಕೇಳ್ತಾರೆ. ಮಹಾರಾಷ್ಟ್ರ ಕ್ರಿಕೆಟ್ ಸಂಸ್ಥೆಯ ಈ ಸ್ಟೇಡಿಯಂ ಶುರುವಾಗಿದ್ದು 2012ರಲ್ಲಿ. ಮುಂಬೈ ಎಕ್ಸ್‌ಪ್ರೆಸ್‌ವೇ ಪಕ್ಕದಲ್ಲೇ ಇದೆ, ಸುತ್ತಲೂ ಗುಡ್ಡ. ನೋಡೋಕೆ ತುಂಬಾ ಚೆಂದದ ಜಾಗ. ಒಳಗೆ ಕಾಲಿಟ್ಟು ಮೆಟ್ಟಿಲ ತುದಿಯಲ್ಲಿ ನಿಂತಾಗ ಆ ಹಸಿರು ಮೈದಾನ ಒಮ್ಮೆಲೇ ಕಣ್ಣಿಗೆ ಬೀಳುತ್ತದಲ್ಲ, ಆ ಒಂದು ನಿಮಿಷಕ್ಕೆ ಟಿಕೆಟ್ಟಿನ ಅರ್ಧ ದುಡ್ಡು ಬಂದ ಹಾಗೆ.

2023ರ ವಿಶ್ವಕಪ್‌ನ ಐದು ಪಂದ್ಯ ಇಲ್ಲಿ ನಡೆದವು. ಅಕ್ಟೋಬರ್ 19ರ ಭಾರತ–ಬಾಂಗ್ಲಾದೇಶ ಪಂದ್ಯಕ್ಕೆ ನಾವು ಹೋಗಿದ್ದೆವು. 257 ರನ್ ಬೇಕಿತ್ತು, ಗೆಲುವಿನ ಬಗ್ಗೆ ಯಾರಿಗೂ ಚಿಂತೆ ಇರಲಿಲ್ಲ. ಕೊನೆಗೆ ಉಳಿದ ಪ್ರಶ್ನೆ ಕೊಹ್ಲಿಯ ಶತಕ ಆಗುತ್ತದೋ ಇಲ್ಲವೋ ಅನ್ನೋದು ಮಾತ್ರ. ಇನ್ನೊಂದು ತುದಿಯಲ್ಲಿದ್ದವರು ನಮ್ಮ ಕೆ.ಎಲ್. ರಾಹುಲ್. ಸುಲಭವಾಗಿ ಓಡಬಹುದಾದ ಒಂಟಿ ರನ್ನನ್ನು ಅವರು ಬೇಡ ಅಂದುಬಿಟ್ಟರು. ಟಿವಿಯಲ್ಲಿ ಕ್ಯಾಮೆರಾ ಚೆಂಡಿನ ಹಿಂದೆ ಹೋಗುತ್ತದೆ. ಮೈದಾನದಲ್ಲಿ ಕೂತವರಿಗೆ ರಾಹುಲ್ ಕೈ ಎತ್ತಿ ತಡೆಯುವುದು, ಇಬ್ಬರೂ ಮಧ್ಯದಲ್ಲಿ ಬಂದು ಮಾತಾಡಿಕೊಳ್ಳುವುದು ಎಲ್ಲಾ ಕಾಣುತ್ತದೆ. ಕೊನೆಗೆ ಕೊಹ್ಲಿ ಸಿಕ್ಸರ್ ಹೊಡೆದು ಶತಕವನ್ನೂ ಪಂದ್ಯವನ್ನೂ ಒಟ್ಟಿಗೆ ಮುಗಿಸಿದರು. ಮಗನಿಗೆ ಮಾತ್ರ ಇವತ್ತಿಗೂ ಆ ಸಿಕ್ಸರ್‌ಗಿಂತ ರಾಹುಲ್ ಓಡದೆ ನಿಂತದ್ದೇ ಜಾಸ್ತಿ ನೆನಪು.

ಇಷ್ಟು ಹೇಳಿದ ಮೇಲೂ, ಚಿಕ್ಕ ಮಕ್ಕಳಿರುವವರಿಗೆ, ವಯಸ್ಸಾದವರಿಗೆ ಗಹುಂಜೆ ಕಷ್ಟ. ಹೆಚ್ಚಿನ ಸೀಟುಗಳ ಮೇಲೆ ಚಾವಣಿ ಇಲ್ಲ. ಮಧ್ಯಾಹ್ನ ಎರಡಕ್ಕೆ ಶುರುವಾಗುವ ಪಂದ್ಯ ಅಂದರೆ ನೆತ್ತಿ ಸುಡುವ ಬಿಸಿಲಲ್ಲಿ ಮೂರು ತಾಸು ಕೂರಬೇಕು. ನೀರಿನ ಬಾಟಲಿ ಒಳಗೆ ಬಿಡೋದಿಲ್ಲ, ಚೀಲ ಬಿಡೋದಿಲ್ಲ. ಟೋಪಿ ಇಲ್ಲದೆ ಹೋಗಲೇಬೇಡಿ. ಅಪ್ಪನನ್ನು ಕರೆದುಕೊಂಡು ಹೋಗುವ ಧೈರ್ಯ ನಾನು ಮಾಡಿಲ್ಲ. ಹೋಗುವಾಗ ಲೋಣಾವಳ ಲೋಕಲ್‌ನಲ್ಲಿ ದೇಹೂ ರೋಡ್ ತನಕ ಬಂದು ಅಲ್ಲಿಂದ ಆಟೊ ಹಿಡಿಯಬಹುದು. ಪಂದ್ಯ ಮುಗಿದ ಮೇಲೆ ಮಾತ್ರ ಆಟೊ ಸಿಗೋದು ಕಷ್ಟ, ಕಾರು ಪಾರ್ಕಿಂಗ್‌ನಿಂದ ಹೊರಬೀಳೋದು ಇನ್ನೂ ಕಷ್ಟ. ನಮ್ಮವರು ಈಗ ಕೊನೆಯ ನಾಲ್ಕೈದು ಓವರ್ ಬಿಟ್ಟು ಏಳೋಣ ಅಂತಾರೆ, ಮಗ ಒಪ್ಪೋದಿಲ್ಲ. ಮಗನ ಮಾತೇ ಸರಿ. ಕೊನೆಯ ಓವರ್ ನೋಡದಿದ್ದರೆ ಅಷ್ಟು ದೂರ ಹೋಗಿದ್ದಾದರೂ ಯಾಕೆ?

ಇನ್ನು ಬಾಲೇವಾಡಿ. ನನ್ನ ಆಯ್ಕೆ ಕೇಳಿದರೆ ಇದೇ, ಎರಡು ಮಾತಿಲ್ಲ.

ಶ್ರೀ ಶಿವಛತ್ರಪತಿ ಕ್ರೀಡಾ ಸಂಕುಲ ಅಂತ ಇದರ ಪೂರ್ತಿ ಹೆಸರು. 1994ರ ರಾಷ್ಟ್ರೀಯ ಕ್ರೀಡಾಕೂಟಕ್ಕಾಗಿ ಕಟ್ಟಿದ್ದು. 2008ರಲ್ಲಿ ಕಾಮನ್‌ವೆಲ್ತ್ ಯೂತ್ ಗೇಮ್ಸ್ ಇಲ್ಲೇ ಆಯಿತು. ಓಟದ ಟ್ರ್ಯಾಕ್, ಈಜುಕೊಳ, ಟೆನಿಸ್ ಕೋರ್ಟು ಎಲ್ಲಾ ಒಂದೇ ಆವರಣದಲ್ಲಿವೆ. ನಾವು ಹೋಗೋದು ಬ್ಯಾಡ್ಮಿಂಟನ್ ಹಾಲ್‌ಗೆ, ಅದೂ ಪ್ರೊ ಕಬಡ್ಡಿ ಬಂದಾಗ. 2024ರ ಡಿಸೆಂಬರ್ 29ರಂದು ಪ್ರೊ ಕಬಡ್ಡಿಯ ಫೈನಲ್ ನಡೆದದ್ದು ಈ ಹಾಲ್‌ನಲ್ಲೇ. ಹರಿಯಾಣ ಸ್ಟೀಲರ್ಸ್ ತಂಡ ಪಟ್ನಾ ಪೈರೇಟ್ಸನ್ನು 32–23ರಿಂದ ಸೋಲಿಸಿ ಮೊದಲ ಸಲ ಕಪ್ ಗೆದ್ದಿತು.

ಕಬಡ್ಡಿಯ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ, ಅಷ್ಟೇ. ಅದರ ಸುತ್ತ ಜನ. ಅತಿ ಹಿಂದಿನ ಸಾಲಿನಲ್ಲಿ ಕೂತರೂ ಆಟಗಾರನ ಮುಖ ಕಾಣುತ್ತದೆ. ರೇಡರ್, ಅಂದರೆ ದಾಳಿಗೆ ಹೋಗುವ ಆಟಗಾರ, ಗೆರೆ ದಾಟಿ ಒಳಗೆ ಬರುತ್ತಾನೆ, ಅವನ ಕೈಯಲ್ಲಿರೋದು 30 ಸೆಕೆಂಡು. ಎದುರಿಗೆ ಏಳು ಜನ ಕೈಕೈ ಹಿಡಿದು ಅರ್ಧಚಂದ್ರದ ಹಾಗೆ ನಿಂತಿರುತ್ತಾರೆ. ಟಿವಿಯಲ್ಲಿ ನಾವು ರೇಡರ್‌ನನ್ನು ಮಾತ್ರ ನೋಡ್ತೇವೆ. ಇಲ್ಲಿ ಕೂತಾಗ ಕಣ್ಣು ತಾನಾಗಿ ಮೂಲೆಯಲ್ಲಿ ನಿಂತ ಡಿಫೆಂಡರ್‌ನ ಕಡೆ ಹೋಗುತ್ತದೆ. ಅವನು ಸ್ವಲ್ಪವೇ ಬಗ್ಗಿ, ರೇಡರ್‌ನ ಮುಖ ನೋಡದೆ ಬರೀ ಪಾದ ನೋಡುತ್ತಿರುತ್ತಾನೆ. ದಾಟಿದರೆ ಒಂದು ಪಾಯಿಂಟ್ ಹೆಚ್ಚು ಸಿಗುವ ಬೋನಸ್ ಗೆರೆಯ ಕಡೆ ಆ ಪಾದ ಚಾಚಿದ ಗಳಿಗೆಗೆ ಇವನು ಹಾರಿ ಕಣಕಾಲು ಹಿಡಿದಿರುತ್ತಾನೆ. ಮ್ಯಾಟ್ ಮೇಲೆ ಆ ಮೈ ಬಿದ್ದ ಸದ್ದು ನಮ್ಮ ಸೀಟಿನ ತನಕ ಕೇಳುತ್ತದೆ.

ಮೊದಲ ಸಲ ಹೋಗುವವರು ಎರಡು ನಿಯಮ ತಿಳಿದುಕೊಂಡು ಹೋದರೆ ಖುಷಿ ಹೆಚ್ಚು. ಎದುರಾಳಿ ಅಂಕಣದಲ್ಲಿ ಆರು ಅಥವಾ ಅದಕ್ಕಿಂತ ಹೆಚ್ಚು ಜನ ಇದ್ದರೆ ಮಾತ್ರ ಬೋನಸ್ ಪಾಯಿಂಟ್ ಸಿಗುತ್ತದೆ. ಅಂಕಣದಲ್ಲಿ ಮೂರು ಅಥವಾ ಅದಕ್ಕಿಂತ ಕಡಿಮೆ ಜನ ಉಳಿದಿರುವಾಗ ರೇಡರ್‌ನನ್ನು ಹಿಡಿದರೆ ಅದು ಸೂಪರ್ ಟ್ಯಾಕಲ್, ಎರಡು ಪಾಯಿಂಟ್. ಇಷ್ಟು ಗೊತ್ತಿದ್ದರೆ ಸೋಲುತ್ತಿರುವ ತಂಡದ ಇಬ್ಬರೇ ಉಳಿದಾಗ ಹಾಲ್ ಯಾಕೆ ಅಷ್ಟು ಗದ್ದಲ ಮಾಡುತ್ತದೆ ಅನ್ನೋದು ಅರ್ಥ ಆಗುತ್ತದೆ. ಪುಣೇರಿ ಪಲ್ಟನ್ ಮತ್ತು ಬೆಂಗಳೂರು ಬುಲ್ಸ್ ಎದುರುಬದುರಾದ ದಿನ ಗ್ಯಾಲರಿಯಲ್ಲಿ ಕನ್ನಡ ಕೇಳುತ್ತದೆ. ಮರಾಠಿ ಘೋಷಣೆಗಳ ನಡುವೆ ಎಲ್ಲೋ ಒಂದು ಮೂಲೆಯಿಂದ ‘ಹಿಡೀರೋ, ಬಿಡಬ್ಯಾಡ್ರೋ’ ಅಂತ ಕೂಗು ಬಂತು ಅಂದರೆ ನಮ್ಮ ಕಡೆಯವರು ಇದ್ದಾರೆ ಅಂತ ಲೆಕ್ಕ.

ಪಂದ್ಯ ಎರಡು ತಾಸೊಳಗೆ ಮುಗಿಯುತ್ತದೆ, ಮೇಲೆ ಸೂರು ಇದೆ, ಮಕ್ಕಳು ಬೇಸರ ಮಾಡಿಕೊಳ್ಳೋದಿಲ್ಲ. ನಮಗೆ ಮನೆಯೂ ಹತ್ತಿರ. ಗಹುಂಜೆಯಲ್ಲಿ ಇಡೀ ದಿನ ಕೊಟ್ಟು ಪಡೆಯುವ ರೋಮಾಂಚನ ಇಲ್ಲಿ ಒಂದು ಸಂಜೆಯಲ್ಲಿ ಸಿಗುತ್ತದೆ. ಒಂದೇ ತೊಂದರೆ ಅಂದರೆ ಸಂಗೀತದ್ದು. ಎರಡು ರೇಡ್ ನಡುವೆ ಸ್ಪೀಕರ್ ಅಬ್ಬರ ಜಾಸ್ತಿ, ಪಕ್ಕದವರ ಜೊತೆ ಮಾತಾಡೋಕೆ ಆಗೋದಿಲ್ಲ. ಅದನ್ನು ಸ್ವಲ್ಪ ತಗ್ಗಿಸಿದರೆ ಹಾಲ್‌ನ ಸ್ವಂತ ಸದ್ದೇ ಸಾಕಾಗುತ್ತದೆ.

ಸಂಗೀತಕ್ಕೆ ಬಂದರೆ, ಪುಣೆಯಲ್ಲಿ ಸಿನಿಮಾ ಗಾಯಕರ ದೊಡ್ಡ ಕಾರ್ಯಕ್ರಮಗಳು ಹೆಚ್ಚಾಗಿ ನಡೆಯೋದು ‘ಲಾನ್ಸ್’ಗಳಲ್ಲಿ, ಅಂದರೆ ಮದುವೆಗೆ ಕೊಡುವ ಬಯಲುಗಳಲ್ಲಿ. ಅದರ ಬಗ್ಗೆ ಜಾಸ್ತಿ ಬರೆಯೋದಿಲ್ಲ. ನಾವು ಹೋದ ಒಂದು ಕಾರ್ಯಕ್ರಮದಲ್ಲಿ ವೇದಿಕೆ ಕಾಣಬೇಕು ಅಂದರೆ ದುಬಾರಿ ಟಿಕೆಟ್ ಬೇಕಿತ್ತು. ಹಿಂದೆ ನಿಂತವರಿಗೆ ಕಂಡದ್ದು ಮುಂದಿನವರ ಮೊಬೈಲ್ ಮಾತ್ರ. ಕಾಲೇಜು ಹುಡುಗರಿಗೆ, ಕುಣಿಯೋಕೆ ಹೋಗುವವರಿಗೆ ಅದು ಸರಿ. ಹಾಡು ಕೇಳುವ ಆಸೆಯಿಂದ ಹೋಗುವವರಿಗೆ ನಾನು ಹೇಳೋದಿಲ್ಲ.

ಅದೇ ಬಯಲು, ಅದೇ ಸಾವಿರಾರು ಜನ, ಆದರೂ ಹಿಂದೂಸ್ತಾನಿ ಸಂಗೀತದ ಸವಾಯಿ ಗಂಧರ್ವ ಭೀಮಸೇನ ಮಹೋತ್ಸವದ ಅನುಭವವೇ ಬೇರೆ. ಕನ್ನಡದವರು ಪುಣೆಯಲ್ಲಿದ್ದು ಇದಕ್ಕೆ ಹೋಗದೆ ಇರಬಾರದು ಅಂತ ನಾನು ಗಟ್ಟಿಯಾಗಿ ಹೇಳ್ತೇನೆ. ಕುಂದಗೋಳದ ರಾಮಭಾವು, ಅಂದರೆ ಸವಾಯಿ ಗಂಧರ್ವರು, 1952ರಲ್ಲಿ ತೀರಿಕೊಂಡರು. ಗದಗದಿಂದ ಬಂದು ಪುಣೆಯಲ್ಲಿ ನೆಲೆಸಿದ್ದ ಅವರ ಶಿಷ್ಯ ಭೀಮಸೇನ ಜೋಶಿ ಮರುವರ್ಷವೇ ಗುರುವಿನ ನೆನಪಿಗೆ ಇದನ್ನು ಶುರು ಮಾಡಿದರು. ಗಂಗೂಬಾಯಿ ಹಾನಗಲ್ ಅವರೂ ಅದೇ ಗುರುವಿನ ಶಿಷ್ಯೆ. ಉತ್ತರ ಕರ್ನಾಟಕದ ಒಂದು ಗುರುಮನೆಯ ನೆನಪನ್ನು ಪುಣೆಯ ಜನ 70 ವರ್ಷ ದಾಟಿ ನಡೆಸಿಕೊಂಡು ಬಂದಿದ್ದಾರೆ ಅಂದರೆ ಹೆಮ್ಮೆ ಆಗೋದಿಲ್ವಾ?

ಮೊದಲು ಬಹಳ ವರ್ಷ ಶನಿವಾರ ಪೇಟೆಯ ರಮಣಬಾಗ್ ಶಾಲೆಯ ಮೈದಾನದಲ್ಲಿ ನಡೆಯುತ್ತಿತ್ತು. 2018ರಿಂದ ಮುಕುಂದನಗರದ ಮಹಾರಾಷ್ಟ್ರೀಯ ಮಂಡಳದ ಮೈದಾನಕ್ಕೆ ಬಂದಿದೆ. ಡಿಸೆಂಬರ್‌ನಲ್ಲಿ ಐದು ದಿನ. ಕುರ್ಚಿಯ ಟಿಕೆಟ್ ಬೇರೆ, ನೆಲದ ಮೇಲೆ ಕೂರುವ ಭಾರತೀಯ ಬೈಠಕ್ ಬೇರೆ. ಬೈಠಕ್ ಅಗ್ಗ, ಕಡುರಸಿಕರು ಕೂರೋದೂ ಅಲ್ಲೇ. ಮಂಡಿ ನೋವು ಇಲ್ಲದಿದ್ದರೆ ಅಲ್ಲೇ ಕೂತುಕೊಳ್ಳಿ. ಅಪ್ಪ ಕುರ್ಚಿಯಲ್ಲಿ ಕೂರ್ತಾರೆ, ನಾನು ಬೈಠಕ್‌ನಲ್ಲಿ. ಗಾಯಕರು ತಂಬೂರಿ ಶ್ರುತಿ ಮಾಡಿಕೊಳ್ಳುವಾಗಲೇ ಪೆಂಡಾಲಿನ ಮಾತುಕತೆ ನಿಲ್ಲುತ್ತದೆ. ವಿಲಂಬಿತ ಖಯಾಲ್, ಅಂದರೆ ನಿಧಾನ ಗತಿಯ ಹಾಡುಗಾರಿಕೆ, ಶುರುವಾದ ಮೇಲೆ ನನ್ನ ಪಕ್ಕ ಕೂತ ಅಜ್ಜಿಯೊಬ್ಬರು ಕಣ್ಣು ಮುಚ್ಚಿ ತೊಡೆಯ ಮೇಲೆ ಬೆರಳಲ್ಲಿ ತಾಳದ ಮಾತ್ರೆ ಎಣಿಸುತ್ತಿದ್ದರು. ಸಮ್‌ಗೆ, ಅಂದರೆ ತಾಳದ ಸುತ್ತಿನ ಮೊದಲ ಮಾತ್ರೆಗೆ, ಬಂದು ಬಿದ್ದಾಗ ಅವರ ಬೆರಳು ನಿಲ್ಲೋದೂ ತಬಲದ ‘ಧಾ’ ಬೀಳೋದೂ ಒಟ್ಟಿಗೇ. ಆ ಒಂದು ಸಂಜೆಯಲ್ಲಿ ತಾಳದ ಬಗ್ಗೆ ನಾನು ಕಲಿತದ್ದು ಬಹಳ. ಅಪ್ಪ ವಿರಾಮದಲ್ಲಿ ಬಂದು, ‘ಹಿಂದ ಕೂತರೂ ಎಷ್ಟ ಛಂದ ಕೇಳಸ್ತದ ನೋಡವಾ’ ಅಂದರು. ನಿಜ, ಇಲ್ಲಿ ಧ್ವನಿ ವ್ಯವಸ್ಥೆ ಕಿವಿಗೆ ಬಡಿಯೋದಿಲ್ಲ, ಹಿಂದಿನ ಸಾಲಿಗೂ ಹದವಾಗಿ ಮುಟ್ಟುತ್ತದೆ.

ಶಾಲು, ಸ್ವೆಟರ್ ಎರಡೂ ಇರಲಿ, ಡಿಸೆಂಬರ್ ರಾತ್ರಿಯ ಚಳಿ ನೆಲದಿಂದ ಮೇಲೆ ಬರುತ್ತದೆ. ಚಪ್ಪಲಿ ಇಟ್ಟುಕೊಳ್ಳೋಕೆ ಒಂದು ಕೈಚೀಲ ತನ್ನಿ. 2024ರ ಸೆಪ್ಟೆಂಬರ್‌ನಿಂದ ಮೆಟ್ರೊ ಸ್ವಾರಗೇಟ್ ತನಕ ಓಡುತ್ತಿರೋದರಿಂದ ನಮ್ಮಂಥ ಪಿಂಪ್ರಿ ಕಡೆಯವರಿಗೆ ದೊಡ್ಡ ಉಪಕಾರ ಆಗಿದೆ. ಸ್ವಾರಗೇಟ್‌ನಲ್ಲಿ ಇಳಿದರೆ ಆಟೊದಲ್ಲಿ ಸ್ವಲ್ಪವೇ ದೂರ. ಚಿಕ್ಕ ಮಕ್ಕಳಿಗೆ ಇದು ದೀರ್ಘ ಆಗುತ್ತದೆ, ಅದು ನಿಜ. ನಾನು ಮಗಳನ್ನು ಒಂದೇ ಕಛೇರಿಗೆ ಕರೆತಂದು, ನಡುವೆ ಥಾಲಿಪೀಠ ತಿನ್ನಿಸಿ, ನಮ್ಮವರ ಜೊತೆ ಮನೆಗೆ ಕಳಿಸ್ತೇನೆ.

ಸ್ಕೇಟಿಂಗ್ ವಿಷಯ ಹೊಸಬರು ಬಹಳ ಕೇಳ್ತಾರೆ. ನಾವು ಎರಡು ರಿಂಕ್ ನೋಡಿದ್ದೇವೆ. ಒಂದು ಖಾಸಗಿಯವರದು, ತಗಡಿನ ಚಾವಣಿ, ನುಣುಪಾದ ನೆಲ, ಬಣ್ಣದ ದೀಪ, ಬಾಡಿಗೆಗೆ ಸ್ಕೇಟ್ಸ್. ಇನ್ನೊಂದು ಪಾಲಿಕೆಯ ಬಯಲು ರಿಂಕ್, ಸುತ್ತ ಕಬ್ಬಿಣದ ಕಂಬಿ, ಸಂಜೆ ಕೋಚಿಂಗ್. ಮೊದಲ ನೋಟಕ್ಕೆ ಖಾಸಗಿಯದೇ ಇಷ್ಟ ಆಗುತ್ತದೆ. ಹುಟ್ಟುಹಬ್ಬಕ್ಕೆ, ಸುಮ್ನೆ ಒಂದು ತಾಸು ಆಡಿಸೋಕೆ ಅದು ಒಳ್ಳೆಯದೇ. ಆದರೆ ಅಲ್ಲಿ ಮಗಳಿಗೆ ಕೊಟ್ಟ ಸ್ಕೇಟ್ಸ್‌ನ ಮುಂದಿನ ರಬ್ಬರ್ ಸ್ಟಾಪರ್ ಪೂರ್ತಿ ಸವೆದಿತ್ತು. ನಿಲ್ಲೋಕೆ ಬಾರದ ಮಗುವಿಗೆ ಅಂಥದ್ದನ್ನು ಕೊಡೋದು ಅಪಾಯ. ಬದಲಿಸಿ ಅಂತ ಕೇಳಬೇಕಾಯಿತು.

ಕಲಿಯೋಕೆ ಪಾಲಿಕೆಯ ರಿಂಕೇ ಮೇಲು. ನಾಲ್ಕೂ ಮೂಲೆಗೆ ಚಕ್ರ ಇರುವ ಕ್ವಾಡ್‌ನಲ್ಲಿ ಶುರು ಮಾಡಿಸ್ತಾರೆ, ಸಮತೋಲ ಬಂದ ಮೇಲೆ ಸಾಲುಚಕ್ರದ ಇನ್‌ಲೈನ್. ಮೊದಲ ದಿನ ಕಲಿಸೋದು ಓಡೋದನ್ನಲ್ಲ, ಬೀಳೋದನ್ನ. ಮಂಡಿ ಬಗ್ಗಿಸಿ, ಮೈ ಮುಂದೆ ಬಾಗಿಸಿ, ಮಂಡಿಯ ಪ್ಯಾಡ್ ಮೇಲೆ ಬೀಳಬೇಕು. ಹಿಂದಕ್ಕೆ ವಾಲಿದರೆ ತಲೆಗೆ ಪೆಟ್ಟು. ಒರಟು ನೆಲ ಅಂತ ಪಾಲಕರು ಗೊಣಗ್ತಾರೆ. ಆದರೆ ಒರಟು ನೆಲದಲ್ಲಿ ಚಕ್ರ ಜಾರೋದಿಲ್ಲ, ಹೊಸಬರಿಗೆ ಅದೇ ಬೇಕು. ಇಂಥ ನೆಲಕ್ಕೆ ಸ್ವಲ್ಪ ಮೆತ್ತಗಿನ ಚಕ್ರ ಹಾಕಿಸಿ. ಅಂಗಡಿಯಲ್ಲಿ 85ಎ ಅಂತ ಕೇಳಿ, ನಂಬರ್ ಕಡಿಮೆ ಆದಷ್ಟೂ ಚಕ್ರ ಮೆತ್ತಗೆ.

2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ 3000 ಮೀಟರ್ ಸ್ಕೇಟಿಂಗ್ ರಿಲೇಯಲ್ಲಿ ನಮ್ಮ ಹುಡುಗರು, ಹುಡುಗಿಯರು ಇಬ್ಬರೂ ಕಂಚು ಗೆದ್ದ ಮೇಲೆ ರಿಂಕ್‌ಗಳಲ್ಲಿ ಮಾತು ಬದಲಾಗಿದೆ. 2025ರಲ್ಲಿ ಆನಂದಕುಮಾರ್ ವೇಲ್‌ಕುಮಾರ್ ಸಾವಿರ ಮೀಟರ್‌ನಲ್ಲಿ ವಿಶ್ವ ಚಾಂಪಿಯನ್ ಆದರು. ಮಗಳ ಬ್ಯಾಚಿನ ಮಕ್ಕಳಿಗೆ ಈಗ ಅವರ ಹೆಸರು ಬಾಯಿಪಾಠ.

ಜೂನ್‌ನಿಂದ ಸೆಪ್ಟೆಂಬರ್ ತನಕ ಮಾತ್ರ ಬಯಲು ರಿಂಕ್ ನಂಬಿಕೊಂಡು ಕೂರಬೇಡಿ. ಒದ್ದೆ ನೆಲದಲ್ಲಿ ಆಡಿಸೋದಿಲ್ಲ, ಆಡಿಸಲೂಬಾರದು. ಆ ನಾಲ್ಕು ತಿಂಗಳು ನಾವು ಚಾವಣಿ ಇರುವ ರಿಂಕ್‌ಗೇ ಹೋಗ್ತೇವೆ, ಸ್ಕೇಟ್ಸ್ ಮತ್ತು ಹೆಲ್ಮೆಟ್ ಮಾತ್ರ ಮನೆಯವೇ. ಚಕ್ರಕ್ಕೆ ನೀರು ತಾಗಿದ್ದರೆ ಮನೆಗೆ ಬಂದ ಕೂಡಲೇ ಬೇರಿಂಗ್ ಬಿಚ್ಚಿ ಒರೆಸಿ ಒಣಗಿಸಿ, ಒಂದೊಂದು ಹನಿ ಎಣ್ಣೆ ಬಿಡಿ. ಒಂದು ರಾತ್ರಿ ಹಾಗೇ ಬಿಟ್ಟರೂ ತುಕ್ಕು ಹಿಡಿಯೋಕೆ ಶುರುವಾಗುತ್ತದೆ.